ಸಬ್‌ಸಾಯ್ಲರ್ ಕೊಳ್ಳುವ ಮುನ್ನ ಸಲಾಕೆ ಹಿಡಿದು ಹೊಲಕ್ಕಿಳಿಯಿರಿ

ಹಾಯಿಸಿದ ನೀರು ಎರಡು ದಿನವಾದರೂ ಇಂಗುವುದಿಲ್ಲ. ಅದೇ ಹೊಲದಲ್ಲಿ ಮಳೆ ಒಂದು ವಾರ ತಡವಾದರೆ ಬೆಳೆ ಬಾಡಿ ನಿಲ್ಲುತ್ತದೆ. ಈ ಎರಡೂ ಒಟ್ಟಿಗೆ ಕಂಡರೆ ನೆಲದೊಳಗೆ ಗಟ್ಟಿ ಪದರ ಕೂತಿದೆ ಎಂದು ಅನುಮಾನಪಡಬೇಕು. ವರ್ಷ ವರ್ಷವೂ ಒಂದೇ ಆಳಕ್ಕೆ ರೋಟವೇಟರ್ ಹೊಡೆಯುವುದು, ಹಸಿ ಆರದ ಗದ್ದೆಯಲ್ಲಿ ಕಬ್ಬು ತುಂಬಿದ ಟ್ರೇಲರ್ ಎಳೆಯುವುದು, ಎರಡೂ ಈ ಪದರವನ್ನು ಕಟ್ಟುತ್ತವೆ. ಮೇಲಿನ ಮಣ್ಣನ್ನು ಮಗುಚದೆ, ಕೆಳಗಿನ ಪದರವನ್ನಷ್ಟೇ ಸೀಳಿ ಬಿರುಕು ಬಿಡಿಸುವ ಸಾಧನವೇ ಸಬ್‌ಸಾಯ್ಲರ್.

ಬೇಸಿಗೆ ಬಂದರೆ ಉಪಕರಣದ ಅಂಗಡಿಗಳ ಮುಂದೆ ನಡೆಯುವ ವ್ಯಾಪಾರ ಮಾತ್ರ ನೋಡಲಾಗುವುದಿಲ್ಲ. ಅಂಗಡಿಯವರು ಕೇಳುವುದು ಒಂದೇ ಪ್ರಶ್ನೆ, ‘ನಿಮ್ಮ ಗಾಡಿ ಎಷ್ಟು ಎಚ್‌ಪಿ?’ ನಲವತ್ತೈದು ಎಂದರೆ ಎರಡು ಕಾಲಿನದು, ಅಂದರೆ ನೆಲ ಸೀಳುವ ಉಕ್ಕಿನ ಪಟ್ಟಿ ಎರಡಿರುವುದು, ಲೋಡ್ ಆಗುತ್ತದೆ. ಮುಂದಿನ ವಾರ ಅದೇ ಟ್ರ್ಯಾಕ್ಟರಿನ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ, ರೈತರು ಆಳ ಕಡಿಮೆ ಮಾಡುತ್ತಾರೆ, ಕಾಲಿನ ತುದಿಯ ಗುಳ ಗಟ್ಟಿ ಪದರದ ಮೇಲೇ ಜಾರಿಕೊಂಡು ಹೋಗುತ್ತದೆ. ಡೀಸೆಲ್ ಸುಟ್ಟದ್ದಷ್ಟೇ ಲೆಕ್ಕ, ಪದರ ಇದ್ದಲ್ಲೇ ಇರುತ್ತದೆ.

1. ಪದರ ಎಷ್ಟು ಆಳದಲ್ಲಿದೆ ಎಂದು ಕಂಡುಕೊಳ್ಳಿ

ಇದಕ್ಕೆ 10–12 ಮಿ.ಮೀ. ದಪ್ಪದ, ಮೂರು ಅಡಿ ಉದ್ದದ ಕಬ್ಬಿಣದ ಸಲಾಕೆ ಸಾಕು. ಒಂದು ತುದಿ ಚೂಪು ಮಾಡಿಸಿ, ಇನ್ನೊಂದು ತುದಿಗೆ ಅಡ್ಡ ಹಿಡಿ ಬೆಸೆಸಿಕೊಳ್ಳಿ. ಮಳೆ ಬಿದ್ದೋ ನೀರು ಹಾಯಿಸಿಯೋ ಮೂರು ನಾಲ್ಕು ದಿನ ಆದ ಮೇಲೆ, ಮಣ್ಣು ಆಳದವರೆಗೂ ಹದವಾಗಿರುವಾಗ, ಒಂದೇ ಸಮನೆ ಭಾರ ಹಾಕಿ ಒತ್ತಿ. ಮೊದಲು ಸಲೀಸಾಗಿ ಇಳಿಯುತ್ತದೆ, ಒಂದು ಕಡೆ ತಡೆಯುತ್ತದೆ, ಜೋರು ಮಾಡಿದರೆ ಪದರ ದಾಟಿ ಮತ್ತೆ ಸಡಿಲವಾಗಿ ಇಳಿಯುತ್ತದೆ. ತಡೆದ ಆಳ, ಸಡಿಲವಾದ ಆಳ, ಎರಡನ್ನೂ ಬರೆದುಕೊಳ್ಳಿ. ನಮ್ಮ ಕಡೆ ಸಾಮಾನ್ಯವಾಗಿ ಪದರ ಸಿಗುವುದು 6ರಿಂದ 12 ಇಂಚಿನ ನಡುವೆ.

ಹೆಚ್ಚಿನವರು ಎಡವುವುದು ಇಲ್ಲೇ. ಸಬ್‌ಸಾಯ್ಲರ್ ಹೊಡೆಯಬೇಕಾದದ್ದು ಒಣ ನೆಲದಲ್ಲಿ, ಆದ್ದರಿಂದ ಪರೀಕ್ಷೆಯನ್ನೂ ಒಣ ನೆಲದಲ್ಲೇ ಮಾಡುತ್ತಾರೆ. ಒಣಗಿದ ಎರೆ (ಕಪ್ಪು) ಮಣ್ಣು ಎಲ್ಲ ಆಳದಲ್ಲೂ ಕಲ್ಲಿನಂತೆಯೇ ಇರುತ್ತದೆ, ಸಲಾಕೆ ಏನನ್ನೂ ಹೇಳುವುದಿಲ್ಲ. ಹಸಿಯಲ್ಲಿ ಅಳೆಯಿರಿ, ಒಣಗಿದಾಗ ಹೊಡೆಯಿರಿ.

ಹೊಲದ ಹತ್ತಾರು ಕಡೆ ಚುಚ್ಚಿ ನೋಡಿ. ನೇಗಿಲು, ಚಕ್ರ ಎರಡೂ ತಾಗದ ಬದುವಿನ ಅಂಚಿನಲ್ಲೂ ಚುಚ್ಚಿ. ಅಲ್ಲೂ ಅದೇ ಆಳದಲ್ಲಿ ಅಷ್ಟೇ ತಡೆ ಸಿಕ್ಕರೆ ಅದು ಉಳುಮೆಯಿಂದ ಕಟ್ಟಿದ ಪದರವಲ್ಲ, ನೆಲದ ಹುಟ್ಟುಗುಣ. ಅನುಮಾನ ಉಳಿದರೆ ಎರಡಡಿ ಗುಂಡಿ ತೋಡಿ, ಅದರ ಗೋಡೆಗೆ ಮೇಲಿಂದ ಕೆಳಗೆ ಚಾಕು ಚುಚ್ಚುತ್ತ ಬನ್ನಿ. ಕಟಾವಾದ ಹತ್ತಿ, ತೊಗರಿಯ ಬೇರು ಕಿತ್ತು ನೋಡುವುದು ಇನ್ನೂ ಒಳ್ಳೆಯ ಸಾಕ್ಷಿ. ನೆಟ್ಟಗೆ ಇಳಿಯಬೇಕಾದ ತಾಯಿಬೇರು ಒಂದೇ ಆಳದಲ್ಲಿ ಅಡ್ಡ ತಿರುಗಿದ್ದರೆ ಪದರ ಇರುವುದು ಅಲ್ಲೇ.

2. ನಿಮಗೆ ಬೇಡವೆಂದರೆ ಇಲ್ಲಿಗೇ ನಿಲ್ಲಿಸಿ

ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಒಣಬೇಸಾಯದ ಎರೆ ಹೊಲಕ್ಕೆ ಸಾಮಾನ್ಯವಾಗಿ ಸಬ್‌ಸಾಯ್ಲರ್ ಬೇಕಿಲ್ಲ, ಆ ನೆಲ ತಾನೇ ಸೀಳಿಕೊಳ್ಳುತ್ತದೆ. ಒಂದಡಿ ಕೆಳಗೇ ಗರಸು ಸಿಗುವ ತೆಳು ಮಸಾರಿಯಲ್ಲಿ ಹೊಡೆದರೆ ಕಲ್ಲು ಮೇಲೆ ಬರುತ್ತದೆ. ಫಸಲಿನಲ್ಲಿರುವ ಅಡಿಕೆ, ತೆಂಗಿನ ತೋಟಕ್ಕೆ ಇದನ್ನು ತರಲೇಬೇಡಿ, ಬೇರು ಹರಿಯುತ್ತದೆ. ನೀರಾವರಿಯ ಕಬ್ಬಿನ ಗದ್ದೆ, ರೋಟವೇಟರಿಗೆ ಒಗ್ಗಿಹೋದ ಮೆಕ್ಕೆಜೋಳದ ಹೊಲ, ಆಳವಾದ ಕೆಂಪು ಮಣ್ಣು ಇವುಗಳಲ್ಲಿ ಫಲ ಚೆನ್ನಾಗಿ ಕಾಣುತ್ತದೆ.

3. ಎಚ್‌ಪಿ ಬಿಡಿ, ಟ್ರ್ಯಾಕ್ಟರಿನ ತೂಕ ನೋಡಿ

ಒಣಗಿದ ಗಟ್ಟಿ ನೆಲದಲ್ಲಿ 16 ಇಂಚು ಆಳಕ್ಕೆ ಇಳಿದ ಒಂದೇ ಒಂದು ಕಾಲನ್ನು ಎಳೆಯಲು ಒಂದು ಟನ್ನಿನ ಆಸುಪಾಸು ಎಳೆತ ಬೇಕು, ಕೆಲವು ನೆಲದಲ್ಲಿ ಅದಕ್ಕೂ ಹೆಚ್ಚು. ಈಗ ಲೆಕ್ಕ ಮಾಡಿ. ಒಂದು ಟನ್ ಎಳೆತವನ್ನು ಗಂಟೆಗೆ 3.6 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ ಒಂದು ಮೀಟರಿನಂತೆ ಎಳೆಯಲು ಬೇಕಾಗುವ ಶಕ್ತಿ ಸುಮಾರು 13 ಎಚ್‌ಪಿ. ನಲವತ್ತೈದು ಎಚ್‌ಪಿ ಗಾಡಿಗೆ ಎರಡು ಕಾಲು ಸಲೀಸು ಎಂದು ಅಂಗಡಿಯಲ್ಲಿ ಧೈರ್ಯ ಹೇಳುವುದು ಈ ಲೆಕ್ಕದ ಮೇಲೆ. ಎಂಜಿನ್ನಿಗೆ ಆ ತಾಕತ್ತು ಇದೆ ಎಂಬುದು ನಿಜವೇ. ಆದರೆ ಆ ತಾಕತ್ತನ್ನು ನೆಲಕ್ಕೆ ಮುಟ್ಟಿಸಬೇಕಾದದ್ದು ಟೈರು, ಟೈರಿಗೆ ಹಿಡಿತ ಬರುವುದು ತೂಕದಿಂದ.

ಎರಡು ಚಕ್ರ ಎಳೆಯುವ ಟ್ರ್ಯಾಕ್ಟರು ಜಾರದೆ ಎಳೆಯಬಲ್ಲದ್ದು ತನ್ನ ತೂಕದ ನಾಲ್ಕು ಆಣೆಗಿಂತ ಹೆಚ್ಚು, ಎಂಟು ಆಣೆಗಿಂತ ಕಡಿಮೆ. ನಲವತ್ತು–ಐವತ್ತು ಎಚ್‌ಪಿ ಗಾಡಿಗಳ ತೂಕ ಎರಡು ಟನ್ ಹೆಚ್ಚು ಕಡಿಮೆ. ಹಾಗಾದರೆ ಅದರ ಎಳೆತ ಎಷ್ಟು ಚೆನ್ನಾಗಿದ್ದರೂ 800ರಿಂದ 1,000 ಕಿಲೋ. ಒಂದು ಕಾಲಿಗೇ ಅದು ಮುಗಿಯಿತು, ಎರಡನೆಯದಕ್ಕೆ ಉಳಿಯುವುದಿಲ್ಲ. ಐವತ್ತು ಎಚ್‌ಪಿಯೊಳಗಿನ ಯಾವ ಗಾಡಿಗೂ ಎರಡು ಕಾಲಿನದು ಕೊಳ್ಳಬೇಡಿ. ‘ಒಂದು ಕಾಲು ಬಿಚ್ಚಿಟ್ಟು ಓಡಿಸಬಹುದು’ ಎನ್ನುವ ಮಾತಿಗೂ ಒಪ್ಪಬೇಡಿ. ಉಳಿದ ಕಾಲು ಒಂದು ಪಕ್ಕಕ್ಕೆ ಇರುವುದರಿಂದ ಗಾಡಿ ಓರೆಯಾಗಿ ಎಳೆಯುತ್ತದೆ.

ಹದಿನೆಂಟರಿಂದ ಇಪ್ಪತ್ತೆಂಟು ಎಚ್‌ಪಿಯ ಮಿನಿ ಟ್ರ್ಯಾಕ್ಟರು ಇರುವವರು ಇನ್ನೂ ಹುಷಾರಾಗಿರಬೇಕು. ಇವುಗಳ ತೂಕ ಒಂದು ಟನ್ನಿನ ಸುತ್ತಮುತ್ತ. ನಾಲ್ಕೂ ಚಕ್ರ ಎಳೆಯುವ ಮಾದರಿ ಆದರೂ ತೆಳು ಕಾಲು, ಸಣ್ಣ ಗುಳ ಹಾಕಿ 10–12 ಇಂಚು ಇಳಿಸಿದರೆ ಅದೇ ಹೆಚ್ಚು. ಪದರ ಅದಕ್ಕಿಂತ ಕೆಳಗಿದ್ದರೆ ದೊಡ್ಡ ಗಾಡಿಯನ್ನು ಬಾಡಿಗೆಗೆ ಕರೆಸುವುದೇ ಮೇಲು.

ಎಷ್ಟು ಆಳ ಬೇಕು ಎಂಬುದು ಮೊದಲ ಹೆಜ್ಜೆಯಲ್ಲಿ ಬರೆದಿಟ್ಟ ಅಂಕಿಯಿಂದಲೇ ಸಿಗುತ್ತದೆ. ಪದರದ ತಳ 12 ಇಂಚಿಗಿದ್ದರೆ ಗುಳ ಓಡಬೇಕಾದದ್ದು 13–14 ಇಂಚಿನಲ್ಲಿ. ಪದರಕ್ಕಿಂತ ಒಂದೆರಡು ಇಂಚು ಕೆಳಗೆ ಓಡಿದರೆ ಅದು ಕೆಳಗಿನಿಂದ ಎತ್ತಿ ಒಡೆಯುತ್ತದೆ. ಎರಡಡಿ ಹೋಗುತ್ತದೆ ಎಂದು ಹೊಗಳಿ ಮಾರುವ ಉಪಕರಣಕ್ಕೆ ಮರುಳಾಗಬೇಡಿ. ಆಳ ಹೆಚ್ಚಿದಷ್ಟೂ ಎಳೆತ ಅದಕ್ಕಿಂತ ವೇಗವಾಗಿ ಏರುತ್ತದೆ, ಬೆಳೆಗೆ ಬರುವ ಲಾಭ ಏರುವುದಿಲ್ಲ.

ಹಿಡಿತ ಸಾಲದಿದ್ದರೆ ಹಿಂದಿನ ಟೈರುಗಳಿಗೆ ಮುಕ್ಕಾಲು ಭಾಗ ನೀರು ತುಂಬಿಸಿ, ಮುಂಭಾಗ ಏಳುತ್ತಿದ್ದರೆ ಮುಂದಿನ ಬಂಪರಿಗೆ ತೂಕ ಕಟ್ಟಿ. ಕೆಲಸ ಮುಗಿದೊಡನೆ ಎರಡನ್ನೂ ತೆಗೆದುಬಿಡಿ. ಸಡಿಲಿಸಿದ ನೆಲದ ಮೇಲೆ ಆ ತೂಕದ ಗಾಡಿ ಮತ್ತೆ ಓಡಾಡಿದರೆ ಹೊಸ ಪದರ ಕಟ್ಟುತ್ತದೆ. ಇನ್ನೊಂದು ದಾರಿಯೂ ಇದೆ: ಮೊದಲು ಕಲ್ಟಿವೇಟರಿನಿಂದ ಮೇಲಿನ 7–8 ಇಂಚು ಸಡಿಲಿಸಿ, ಆಮೇಲೆ ಸಬ್‌ಸಾಯ್ಲರ್ ಇಳಿಸುವುದು. ಮೇಲಿನ ಮಣ್ಣಿನ ಭಾರ, ಬಿಗಿ ಇಲ್ಲದ್ದರಿಂದ ಕೆಳಗಿನದು ಸುಲಭವಾಗಿ ಒಡೆಯುತ್ತದೆ. ಸಣ್ಣ ಗಾಡಿಗೆ ನಾನು ಯಾವಾಗಲೂ ಹೇಳುವುದು ಈ ಕ್ರಮವನ್ನೇ.

4. ಗುಳದ ಅಗಲ ಅಳೆಯಿರಿ, ರೆಕ್ಕೆ ಕೇಳಿ

ಟೇಪು ಹಿಡಿದು ಗುಳದ ಅಗಲ ಅಳೆಯದೆ ಹಣ ಕೊಡಬೇಡಿ. ಗುಳದ ಅಗಲದ 5ರಿಂದ 7 ಪಟ್ಟು ಆಳದವರೆಗೆ ಮಣ್ಣು ಮೇಲಕ್ಕೆ ಎದ್ದು ಒಡೆಯುತ್ತದೆ. ಅದಕ್ಕೂ ಕೆಳಗೆ ಹೋದರೆ ಮಣ್ಣಿಗೆ ಏಳಲು ಆಗದೆ ಪಕ್ಕಕ್ಕೆ ಒತ್ತಿಕೊಳ್ಳುತ್ತದೆ, ಒಡೆಯಲು ಬಂದ ಗುಳವೇ ಅಲ್ಲಿ ನೆಲವನ್ನು ಬಿಗಿ ಮಾಡಿ ಹೋಗುತ್ತದೆ. ಎರಡು ಇಂಚಿನ ಗುಳಕ್ಕೆ 10–14 ಇಂಚು ಆಳದ ಮಿತಿ, ಮೂರು ಇಂಚಿನದಕ್ಕೆ 15–21. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ, ಉಳಿಯಂತೆ ಕಿರಿದಾದ ಗುಳದ ಉದ್ದ ಕಾಲಿನವು ಹದಿನೆಂಟು ಇಂಚು ಇಳಿದಾಗ ಇದೇ ಆಗುತ್ತದೆ. ಎಳೆಯಲು ಹಗುರ ಎಂದು ಖುಷಿಪಡುತ್ತಾರೆ, ಅಗೆದು ನೋಡಿದರೆ ಕಿರಿದಾದ ಸೀಳು ಬಿಟ್ಟರೆ ಏನೂ ಇಲ್ಲ.

ಗುಳದ ಹಿಂದೆ ಎರಡೂ ಬದಿಗೆ ರೆಕ್ಕೆ ಕೂಡಿಸುವ ಮಾದರಿ ಸಿಕ್ಕರೆ ಅದನ್ನೇ ಆರಿಸಿ. ಎಳೆತ ಸ್ವಲ್ಪ ಹೆಚ್ಚುತ್ತದೆ, ಒಡೆಯುವ ಮಣ್ಣು ಅದಕ್ಕಿಂತ ಬಹಳ ಹೆಚ್ಚುತ್ತದೆ. ರೆಕ್ಕೆ ಇಲ್ಲದಿದ್ದರೆ ಸಾಲಿನಿಂದ ಸಾಲಿಗೆ ಇರಬೇಕಾದ ಅಂತರ ಆಳದ ಒಂದರಿಂದ ಒಂದೂವರೆ ಪಟ್ಟು, ರೆಕ್ಕೆ ಇದ್ದರೆ ಎರಡು ಪಟ್ಟಿನವರೆಗೂ ಹೋಗಬಹುದು. ಸಾಲು ಕಡಿಮೆಯಾದರೆ ಡೀಸೆಲ್ಲೂ ಕಡಿಮೆ.

5. ಕಾಲು, ಉಕ್ಕು, ಬೋಲ್ಟು

ನೆಟ್ಟಗೆ ನಿಂತ ಕಾಲಿಗಿಂತ ಮುಂದಕ್ಕೆ ಬಾಗಿದ ಕಾಲು ಎಳೆಯಲು ಹಗುರ, ಮಣ್ಣನ್ನು ಎತ್ತಿ ಒಡೆಯುತ್ತದೆ. ಕಾಲಿನ ದಪ್ಪ 25 ಮಿ.ಮೀ.ಗಿಂತ ಕಡಿಮೆ ಇರಬಾರದು. ನೆಲದ ಮಟ್ಟದಿಂದ ಚೌಕಟ್ಟಿನವರೆಗೆ ಅರ್ಧ ಅಡಿಗಿಂತ ಹೆಚ್ಚು ಜಾಗ ಉಳಿಯಬೇಕು, ಇಲ್ಲದಿದ್ದರೆ ಕಬ್ಬಿನ ಕೂಳೆ, ರವದಿ ಸಿಕ್ಕಿ ಉಂಡೆ ಕಟ್ಟುತ್ತದೆ. ಗುಳ ಬೋಲ್ಟಿನಲ್ಲಿ ಬಿಚ್ಚುವಂತಿರಲಿ. ಕಾಲಿಗೇ ಬೆಸೆದ ಗುಳ ಸವೆದ ದಿನ ಇಡೀ ಉಪಕರಣ ಗುಜರಿಗೆ. ಬೋರಾನ್ ಉಕ್ಕಿನ ಗುಳ ದುಬಾರಿಯಾದರೂ ತೆಗೆದುಕೊಳ್ಳಿ. ಮೆತು ಕಬ್ಬಿಣಕ್ಕೆ ದಪ್ಪ ಬಣ್ಣ ಬಳಿದು ಉಕ್ಕೆಂದು ಮಾರುವುದೂ ಇದೆ. ಅರ ಹಿಡಿದು ಉಜ್ಜಿ ನೋಡಿ, ಸುಲಭವಾಗಿ ಪುಡಿ ಉದುರಿದರೆ ಅದು ಬೇಡ.

ಕಾಲನ್ನು ಚೌಕಟ್ಟಿಗೆ ಹಿಡಿದಿಡುವ ಶಿಯರ್ ಬೋಲ್ಟ್ ಇರಲೇಬೇಕು. ಗುಳ ಬಂಡೆಗೆ ತಗುಲಿದಾಗ ಈ ಬೋಲ್ಟು ತಾನು ಮುರಿದು ಗಾಡಿಯ ಹಿಂಭಾಗವನ್ನು ಉಳಿಸುತ್ತದೆ. ಪದೇ ಪದೇ ಮುರಿಯುತ್ತದೆಂದು ಗಟ್ಟಿ ಸರಳು ತುರುಕುವುದನ್ನು ಹಳ್ಳಿ ಹಳ್ಳಿಯಲ್ಲೂ ಕಂಡಿದ್ದೇನೆ. ಆಗ ಮುರಿಯುವುದು ಉಪಕರಣವನ್ನು ಹಿಡಿದೆಳೆಯುವ ಗಾಡಿಯ ಕೆಳತೋಳು, ಅಂದರೆ ಲೋವರ್ ಲಿಂಕು, ಇಲ್ಲವೇ ಅದಕ್ಕಿಂತ ದುಬಾರಿ ಭಾಗ, ಚಾಲಕನ ಜೀವಕ್ಕೂ ಅಪಾಯ. ಕಂಪನಿ ಹೇಳಿದ ದರ್ಜೆಯ ಬೋಲ್ಟುಗಳನ್ನೇ ಹತ್ತು ಹೆಚ್ಚಿಗೆ ಕೊಂಡಿಟ್ಟುಕೊಳ್ಳಿ.

ಪಿಟಿಒದಿಂದ (ಎಂಜಿನ್ನಿನ ತಾಕತ್ತನ್ನು ಉಪಕರಣಕ್ಕೆ ಕೊಡುವ, ಗಾಡಿಯ ಹಿಂದೆ ತಿರುಗುವ ಶಾಫ್ಟಿನಿಂದ) ಅದುರುವ ಮಾದರಿಗಳು ಎಳೆತ ಇಳಿಸುತ್ತವೆ, ಆದರೆ ಬೆಲೆ, ರಿಪೇರಿ ಎರಡೂ ಸಣ್ಣ ಹಿಡುವಳಿಗೆ ಹೊರೆ.

6. ಪಿನ್ನು

ಉಪಕರಣವನ್ನು ಗಾಡಿಗೆ ಜೋಡಿಸುವ ಪಿನ್ನು ಸಣ್ಣ ಗಾಡಿಗಳ ಲೋವರ್ ಲಿಂಕಿಗೆ 22 ಮಿ.ಮೀ., ದೊಡ್ಡವಕ್ಕೆ 28. ಸಡಿಲ ಪಿನ್ನಿಗೆ ವಾಷರ್ ಸುತ್ತಿ ಹೊಂದಿಸುವುದು ಬೇಡ, ಸರಿಯಾದ ಬುಷ್ ಹಾಕಿಸಿ.

7. ಹಣ ಕೊಡುವ ಮುನ್ನ ನಿಮ್ಮ ಹೊಲದಲ್ಲೇ ಓಡಿಸಿ

ಪದರದ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆಯಿರಿ. ಬತ್ತಿಯಾದರೆ ಇನ್ನೂ ಹಸಿ, ಕಾಯಿರಿ. ಪುಡಿಯಾದರೆ ಹೊಡೆಯಲು ಅಡ್ಡಿಯಿಲ್ಲ. ಟಾಪ್ ಲಿಂಕನ್ನು (ಉಪಕರಣ ಹಿಡಿಯುವ ಮೇಲಿನ ತೋಳನ್ನು) ಕೆಲಸದ ಆಳದಲ್ಲಿ ಚೌಕಟ್ಟು ಮಟ್ಟವಾಗುವಂತೆ ಹೊಂದಿಸಿ, ಗಂಟೆಗೆ 3–4 ಕಿ.ಮೀ. ವೇಗದಲ್ಲಿ ಬಿಡಿ.

ಹಿಂದಿನ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಗುಳ ಎತ್ತಿಕೊಂಡು ಹತ್ತು ಸುತ್ತಿಗೆ ಎಷ್ಟು ದೂರ ಹೋಗುತ್ತದೆ ಎಂದು ಅಳೆಯಿರಿ. ಗುಳ ಇಳಿಸಿ ಮತ್ತೆ ಹತ್ತು ಸುತ್ತು. ಮೊದಲು 40 ಮೀಟರ್, ಆಮೇಲೆ 34 ಎಂದರೆ ಜಾರಿಕೆ ನೂರಕ್ಕೆ 15. ಅಲ್ಲಿಯವರೆಗೆ ಸರಿ. ದೂರ 30 ಮೀಟರಿಗೆ ಇಳಿದರೆ ಆ ಉಪಕರಣ ನಿಮ್ಮ ಗಾಡಿಗೆ ಭಾರ. ಆಮೇಲೆ ಗುದ್ದಲಿ ತೆಗೆದುಕೊಂಡು ಸಾಲಿಗೆ ಅಡ್ಡಲಾಗಿ ಕಾಲುವೆ ತೋಡಿ. ಗುಳದ ತುದಿಯಿಂದ ಎರಡೂ ಬದಿಗೆ ಓರೆಯಾಗಿ ಮೇಲೆದ್ದ ಬಿರುಕು ಕಾಣಬೇಕು. ಸೀಳಿನ ಗೋಡೆ ನುಣುಪಾಗಿ ಹೊಳೆಯುತ್ತಿದ್ದರೆ ನೆಲ ಹಸಿ ಇತ್ತು, ಅಥವಾ ಗುಳ ಕಿರಿದು. ಈ ಕಾಲುವೆ ತೋಡಲು ಒಪ್ಪದ ಮಾರಾಟಗಾರರ ಬಳಿ ವ್ಯಾಪಾರ ಬೇಡ.

8. ಕೊಳ್ಳುವುದೋ, ಬಾಡಿಗೆಯೋ?

ಎರಡೂವರೆ ಅಡಿಗೊಂದು ಸಾಲಿನಂತೆ ಒಂದು ಕಾಲಿನ ಸಬ್‌ಸಾಯ್ಲರ್ ಎಕರೆಗೆ ಸುಮಾರು ಎರಡು ಗಂಟೆ ಹಿಡಿಯುತ್ತದೆ. ನಾಲ್ಕು ಎಕರೆ ಒಂದು ದಿನದ ಕೆಲಸ, ಅದೂ ಮೂರು ನಾಲ್ಕು ವರ್ಷಕ್ಕೊಮ್ಮೆ. ಐದು ಎಕರೆಯೊಳಗಿನವರು ಒಬ್ಬರೇ ಕೊಳ್ಳಬೇಡಿ ಎಂಬುದು ನನ್ನ ಖಚಿತ ಮಾತು. ಯಂತ್ರಗಳನ್ನು ಬಾಡಿಗೆಗೆ ಕೊಡುವ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಿ, ಇಲ್ಲವೇ ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದನ್ನು ತನ್ನಿ. ಸಹಾಯಧನಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳುವಾಗಲೂ ಪಟ್ಟಿಯಲ್ಲಿರುವ ಮಾದರಿಯ ಗುಳ, ಕಾಲು, ಬೋಲ್ಟುಗಳನ್ನು ಮೇಲಿನಂತೆಯೇ ನೋಡಿ ಆರಿಸಿ.

ಬಾಡಿಗೆಗೆ ಬಂದ ಚಾಲಕನಿಗೆ ಆಳ, ಸಾಲಿನ ಅಂತರ ಎರಡನ್ನೂ ಮೊದಲೇ ಹೇಳಿ, ಮೊದಲ ಸಾಲು ಮುಗಿಯುವವರೆಗೆ ಜೊತೆಗಿರಿ. ತಿರುವಿನಲ್ಲಿ ಗುಳ ಪೂರ್ತಿ ಎತ್ತಿದ ಮೇಲೆಯೇ ಸ್ಟಿಯರಿಂಗ್ ತಿರುಗಿಸಬೇಕು, ಮಣ್ಣಿನಲ್ಲಿ ಇಟ್ಟುಕೊಂಡು ತಿರುಗಿದರೆ ಕಾಲು ತಿರುಚುತ್ತದೆ. ಹೊಲದಲ್ಲಿ ಹೂತಿರುವ ಪಿವಿಸಿ ಪೈಪು, ಬೋರ್‌ವೆಲ್ಲಿಗೆ ಹೋಗುವ ಕರೆಂಟಿನ ಕೇಬಲ್ಲು ಎಲ್ಲೆಲ್ಲಿ ಹಾದಿವೆ ಎಂದು ಹಿಂದಿನ ದಿನವೇ ಗೂಟ ಹೊಡೆದು ಸುಣ್ಣದ ಗೆರೆ ಎಳೆದಿಡಿ. ಆ ಗೆರೆಗೆ ಎರಡು ಮಾರು ಇರುವಾಗಲೇ ಗುಳ ಎತ್ತಿಸಿ.