ಚಂಡಮಾರುತ ಹೋಯ್ತು ಅಂದ್ರು, ಈಗ ಹಂಡೆಗೆ ಬೆಂಕಿ ಹಾಕಬಹುದಾ?

2024ರ ಡಿಸೆಂಬರ್ 1, ಭಾನುವಾರ. ಹಿಂದಿನ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಸೇರಿತ್ತು. ಬೆಳಿಗ್ಗೆ ಟೀವಿಯಲ್ಲಿ ‘ಚಂಡಮಾರುತ ದುರ್ಬಲ’ ಅಂತ ಬಂತು. ನಮ್ಮ ಅಂಗಳದಲ್ಲಿ ಮೋಡದ ಸಂದಿಯಿಂದ ಒಂದಿಷ್ಟು ಬಿಸಿಲೂ ಬಿದ್ದಿತ್ತು. ಸುಲಿದ ಅಡಿಕೆ ಇತ್ತು, ಸೌದೆ ಒಣಗಿತ್ತು. ಹಂಡೆಗೆ ಹಾಕಿ ಬೇಯಿಸಿಬಿಟ್ಟೆ. ಬೇಯಿಸಿದ ಅಡಿಕೆ ಒಣಗಲು ಆಮೇಲೆ ಬಿಸಿಲು ಬೇಕೇ ಬೇಕು.

ಮಾರನೇ ದಿನ ಹಿಡಿದ ಮಳೆ ಬುಧವಾರದವರೆಗೂ ಬಿಡಲಿಲ್ಲ. ಟಾರ್ಪಲ್ ಎತ್ತಿದರೆ ಅಡಿಕೆ ಕೈಗೆ ಅಂಟುತ್ತಿತ್ತು, ಆರನೇ ದಿನಕ್ಕೆ ಬೂಷ್ಟು ಬಂತು. ಮಂಡಿಯಲ್ಲಿ ಒಂದು ಹಿಡಿ ತೆಗೆದು ಮೂಸಿ ನೋಡಿದರು. ಮಾತಾಡಲಿಲ್ಲ, ರೇಟು ಮಾತ್ರ ಹೇಳಿದರು.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಕಡೆ, ರಸ್ತೆಯಿಂದ ಒಳಗೆ ಎರಡೂವರೆ ಎಕರೆ ತೋಟ. ಅವತ್ತಿನ ತಪ್ಪು ಟೀವಿಯದಲ್ಲ, ನನ್ನದೇ. ಚಂಡಮಾರುತ ದುರ್ಬಲ ಆಯ್ತು ಅಂದರೆ ಗಾಳಿಯ ವೇಗ ಕಮ್ಮಿ ಆಯ್ತು ಅಂತ ಮಾತ್ರ. ಗಂಟೆಗೆ 62 ಕಿಲೋಮೀಟರ್ ದಾಟಿದರೆ ಚಂಡಮಾರುತ ಅನ್ನುತ್ತಾರೆ, ಅದಕ್ಕಿಂತ ಇಳಿದರೆ ವಾಯುಭಾರ ಕುಸಿತ. ಹೊತ್ತು ತಂದ ನೀರು ಎಲ್ಲಿ ಹೋಗುತ್ತದೆ? ನಮ್ಮ ಮಲೆನಾಡಿಗೆ ಚಂಡಮಾರುತ ಚಂಡಮಾರುತವಾಗಿ ಬರುವುದೇ ಇಲ್ಲ. ಹೆಸರು ಕಳಕೊಂಡ ಮೇಲೆ, ಬರೀ ಮಳೆಯಾಗಿ ಬರುತ್ತದೆ.

ಹಾಗಾಗಿ ನಾನು ಈಗ ಮೊದಲು ಕೇಳುವ ಪ್ರಶ್ನೆ ‘ಹೋಯ್ತಾ?’ ಅಂತಲ್ಲ, ‘ಯಾವ ಕಡೆ ಹೋಯ್ತು?’ ಅಂತ. 2023ರ ಡಿಸೆಂಬರ್ 5ಕ್ಕೆ ಮಿಚಾಂಗ್ ಆಂಧ್ರದ ಬಾಪಟ್ಲ ಹತ್ತಿರ ದಡ ಸೇರಿ ಉತ್ತರಕ್ಕೆ ಹೋಯಿತು. ಅಂಥದ್ದು ನಮ್ಮಿಂದ ದೂರ ಹೋಗುತ್ತಾ ಇರುತ್ತದೆ. ಎರಡು ದಿನ ಮೋಡ ಇದ್ದರೂ ಹೆದರಬೇಕಾಗಿಲ್ಲ. ಫೆಂಗಲ್ ಹಾಗಲ್ಲ. ತಮಿಳುನಾಡನ್ನು ಅಡ್ಡಕ್ಕೆ ದಾಟಿ, ನಮ್ಮ ತಲೆ ಮೇಲಿಂದ ಅನ್ನುವ ಹಾಗೆ ಬಂದು, 3ನೇ ತಾರೀಕಿಗೆ ಅರಬ್ಬಿ ಸಮುದ್ರಕ್ಕೆ ಇಳಿಯಿತು. ಪಶ್ಚಿಮಕ್ಕೆ ನಡೆಯುವ ಇಂಥದ್ದು ದಡ ಸೇರಿದ ದಿನದಿಂದಲೇ ನಮ್ಮ ಲೆಕ್ಕ ಶುರು. ದಡ ಸೇರಿದ ಮೇಲೆ ನಾಲ್ಕು ದಿನ ಹಂಡೆ ಮುಟ್ಟಬೇಡಿ.

ದಾರಿ ಎಲ್ಲಿ ನೋಡುವುದು? ಹವಾಮಾನ ಇಲಾಖೆಯ ಪ್ರಕಟಣೆಯ ಜೊತೆ ಒಂದು ನಕ್ಷೆ ಇರುತ್ತದೆ. ಅದರಲ್ಲಿ ಚಂಡಮಾರುತ ಹೋಗುವ ಗೆರೆ ಇರುತ್ತದೆ, ಅದರ ಸುತ್ತ ಶಂಕುವಿನ ಹಾಗೆ ಅಗಲವಾಗುತ್ತಾ ಹೋಗುವ ಜಾಗ ಇರುತ್ತದೆ. ಗೆರೆ ಒಂದನ್ನೇ ನೋಡಬೇಡಿ. ಅಗಲದ ಜಾಗದೊಳಗೆ ಎಲ್ಲಿ ಬೇಕಾದರೂ ಹೋಗಬಹುದು ಅಂತ ಅದರ ಅರ್ಥ. ಮೊಬೈಲಿನಲ್ಲಿ ವಿಂಡಿ ಅನ್ನುವ ಹವಾಮಾನದ ಆ್ಯಪ್ ನೋಡುವವರು ಎರಡು ಬೇರೆ ಬೇರೆ ಮಾಡೆಲ್, ಅಂದರೆ ಕಂಪ್ಯೂಟರ್ ಹಾಕುವ ಮುನ್ಸೂಚನೆಯ ಲೆಕ್ಕ, ಹಾಕಿ ನೋಡಿ. ಎರಡೂ ಒಂದೇ ದಾರಿ ತೋರಿಸಿದರೆ ನಂಬಬಹುದು. ಒಂದು ಆಂಧ್ರಕ್ಕೆ, ಇನ್ನೊಂದು ಕೇರಳಕ್ಕೆ ಕಳಿಸುತ್ತಿದ್ದರೆ ಫೋನ್ ಕೆಳಗಿಟ್ಟು ದನಕ್ಕೆ ಹುಲ್ಲು ಹಾಕಲು ಹೋಗಿ.

ಜಿಲ್ಲೆಗೆ ಹಳದಿ ಅಲರ್ಟ್, ಆರೆಂಜ್ ಅಲರ್ಟ್ ಅಂತ ಬರುತ್ತದಲ್ಲ, ಅದು ಇಡೀ ಶಿವಮೊಗ್ಗಕ್ಕೆ. ಶಿಕಾರಿಪುರವೂ ಅದರಲ್ಲೇ, ಆಗುಂಬೆಯೂ ಅದರಲ್ಲೇ. ಎರಡರ ಮಳೆ ಒಂದೇ ಅಲ್ವಲ್ಲ! ನಿಮ್ಮ ಪಂಚಾಯಿತಿಯಲ್ಲಿ ನಿಜವಾಗಿ ಎಷ್ಟು ಬಿತ್ತು ಅಂತ ತಿಳಿಯಬೇಕಾದರೆ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರ ಮಳೆಮಾಪಕಗಳಿವೆ. ಅವರ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಹೇಳುತ್ತಾರೆ. ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ. ನಮ್ಮ ಇಂಚಿನ ಲೆಕ್ಕದಲ್ಲಿ ಎರಡೂವರೆ ಇಂಚು. ಅವರ ದಿನ ಶುರುವಾಗುವುದು ಬೆಳಿಗ್ಗೆ ಎಂಟೂವರೆಗೆ. ಪೇಪರಿನ ಅಂಕಿಯೂ ನಿಮ್ಮ ಮನೆಯ ಅಂಕಿಯೂ ತಾಳೆ ಆಗದಿದ್ದರೆ ಇದೂ ಒಂದು ಕಾರಣ.

ಇಷ್ಟು ಫೋನಿನ ಮಾತು. ಇನ್ನು ಅಂಗಳದ್ದು.

ಗಾಳಿಗೆ ಬೆನ್ನು ಕೊಟ್ಟು ನಿಂತುಕೊಳ್ಳಿ. ಎಡಗೈ ಚಾಚಿ. ವಾಯುಭಾರ ಕುಸಿತ ಇರುವುದು ಹೆಚ್ಚುಕಮ್ಮಿ ಆ ಕಡೆಗೆ. ನಮ್ಮ ಉತ್ತರಾರ್ಧ ಗೋಳದಲ್ಲಿ ಅದರ ಸುತ್ತ ಗಾಳಿ ಎಡಕ್ಕೆ, ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗುತ್ತದೆ, ಅದಕ್ಕೇ ಹೀಗೆ. ಕುಸಿತ ತಮಿಳುನಾಡಿನ ಕಡೆ ಇದ್ದಾಗ ನಮಗೆ ಬಡಗಣ ಗಾಳಿ. ಅದು ಅರಬ್ಬಿ ಸಮುದ್ರಕ್ಕೆ ಇಳಿದ ಮೇಲೆ ಗಾಳಿ ತೆಂಕಣದಿಂದ ತಿರುಗುತ್ತದೆ, ಜೊತೆಗೆ ಸಮುದ್ರದ ಪಸೆ ತರುತ್ತದೆ. ಗುಡ್ಡದ ನಡುವೆ ಮನೆ ಇದ್ದವರು ಅಂಗಳದ ಗಾಳಿ ನಂಬಬೇಡಿ, ಕಣಿವೆಯ ಗಾಳಿ ತನಗೆ ಬೇಕಾದ ಕಡೆ ತಿರುಗುತ್ತದೆ. ಅಡಿಕೆ ಮರದ ತುದಿ ಸೋಗೆ ಯಾವ ಕಡೆ ಬಾಗುತ್ತದೆ ನೋಡಿ. ಇನ್ನೂ ಒಳ್ಳೆಯದು, ಕೆಳಗಿನ ಮೋಡ ಓಡುವ ದಿಕ್ಕು.

ಮೋಸ ಮಾಡುವುದು ಈ ತೆಂಕಣ ಗಾಳಿಯ ದಿನಗಳೇ. ಮಳೆ ಹೊಳವಾಗುತ್ತದೆ. ಹನ್ನೊಂದು ಗಂಟೆಗೆ ಚುರುಕು ಬಿಸಿಲು. ಎಲ್ಲರ ಮನೆಯಲ್ಲೂ ಟಾರ್ಪಲ್ ಸರಿಯುತ್ತದೆ. ಆದರೆ ಆ ಬಿಸಿಲಲ್ಲಿ ನಿಂತರೆ ಕುತ್ತಿಗೆಯ ಬೆವರು ಆರುವುದಿಲ್ಲ. ನಾಲ್ಕು ಗಂಟೆಗೆ ಪಶ್ಚಿಮದಲ್ಲಿ ಕಪ್ಪಾಗಿ, ಗುಡುಗಿ, ಅರ್ಧ ಗಂಟೆ ಸುರಿದು ಹೋಗುತ್ತದೆ. ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವ ಕೊನೆಗೌಡ ಬಂದು ಗೇಟಿನ ಹತ್ತಿರವೇ ನಿಂತು ‘ಅಮ್ಮಾ, ನಾಳೆ ಕೊನೆ ತೆಗೆಯದಾ?’ ಅಂತ ಕೇಳುತ್ತಾನೆ. ‘ಬ್ಯಾಡ ಮಾರಾಯ, ಹಾಳೆ ಇನ್ನೂ ಮೆತ್ತಗಿದೆ’ ಅಂತೀನಿ.

ಹಾಳೆಯ ವಿಷಯ ಹೇಳಬೇಕು. ಕೊಟ್ಟಿಗೆ ಸೂರಿನ ಕೆಳಗೆ, ಮಳೆ ಸಿಡಿಯದ ಕಡೆ, ಒಣಗಿದ ಅಡಿಕೆ ಹಾಳೆ ಒಂದನ್ನು ನೇತು ಹಾಕಿದ್ದೇನೆ. ನೆಲದ ಮೇಲಿಟ್ಟರೆ ನೆಲದ ಪಸೆ ಕುಡಿಯುತ್ತದೆ, ನೇತೇ ಹಾಕಬೇಕು. ಗಾಳಿಯಲ್ಲಿ ತೇವ ಇದ್ದರೆ ಅದು ಚರ್ಮದ ಹಾಗೆ ಮೆತ್ತಗಾಗುತ್ತದೆ. ಅಂಚನ್ನು ಮಡಚಿದರೆ ಮಡಚಿಕೊಂಡು ಸುಮ್ನಿರುತ್ತದೆ. ಗಾಳಿ ಒಣಗಿದ ದಿನ ಅಂಚು ಒಳಗೆ ಸುರುಳಿಯಾಗಿ ಗಡಸಾಗಿರುತ್ತದೆ, ಹೆಬ್ಬೆರಳು ಒತ್ತಿದರೆ ಚಟ್ ಅಂತ ಸೀಳುತ್ತದೆ. ನೋಡುವುದು ಮಧ್ಯಾಹ್ನ ಎರಡು ಗಂಟೆಗೆ. ಬೆಳಿಗ್ಗೆ ನೋಡಿದರೆ ಒಳ್ಳೆಯ ದಿನವೂ ಮೆತ್ತಗೇ ಇರುತ್ತದೆ. ಸತತ ಎರಡು ಮಧ್ಯಾಹ್ನ ಚಟ್ ಅಂದರೆ ಮಾತ್ರ ನಾನು ಮುಂದಿನ ಹೆಜ್ಜೆ ಇಡುವುದು. ಮಗ ತೇವಾಂಶ ತೋರಿಸುವ ಒಂದು ಸಣ್ಣ ಡಿಜಿಟಲ್ ಮೀಟರ್ ತಂದುಕೊಟ್ಟಿದ್ದಾನೆ. ಅದೂ ಸರಿಯಾಗಿಯೇ ಹೇಳುತ್ತದೆ, ಸೆಲ್ ಇದ್ದಾಗ.

ಇನ್ನೊಂದು ಗುರುತು ರಾತ್ರಿಯದು. ಮೋಡ ಕಂಬಳಿ ಇದ್ದ ಹಾಗೆ, ಹಗಲಿನ ಶಾಖವನ್ನು ಮೇಲೆ ಹೋಗಲು ಬಿಡುವುದಿಲ್ಲ. ಚಂಡಮಾರುತದ ದಿನಗಳಲ್ಲಿ ಹಗಲು ಚಳಿ, ರಾತ್ರಿ ಸೆಕೆ. ಆಕಾಶ ನಿಜವಾಗಿ ತೊಳೆದುಹೋದ ಮೇಲೆ ಇದು ತಿರುಗುಮುರುಗಾಗುತ್ತದೆ. ರಾತ್ರಿ ಊಟ ಮುಗಿಸಿ ಹೊರಗೆ ಬಂದರೆ ಚುಕ್ಕಿ ತುಂಬಿರುತ್ತದೆ, ಎರಡನೇ ಕಂಬಳಿ ಹುಡುಕುವ ಹಾಗಾಗುತ್ತದೆ. ಬೆಳಿಗ್ಗೆ ಎದ್ದರೆ ಎದುರಿನ ಗುಡ್ಡವೇ ಕಾಣದಷ್ಟು ಮಂಜು. ಇದನ್ನು ಕಂಡು ‘ಅಯ್ಯೋ ಮತ್ತೆ ಮೋಡ’ ಅಂತ ಬೇಜಾರಾಗುವವರಿದ್ದಾರೆ. ಬೇಜಾರು ಬೇಡ. ಒದ್ದೆ ನೆಲ, ಬಿಚ್ಚಿದ ಆಕಾಶ, ಗಾಳಿ ಇಲ್ಲದ ರಾತ್ರಿ ಸೇರಿದರೆ ಮಂಜು ಬಂದೇ ಬರುತ್ತದೆ. ಒಂಬತ್ತು, ಒಂಬತ್ತೂವರೆಗೆ ಅದು ಒಡೆದು ನೀಲಿ ಆಕಾಶ ಕಂಡರೆ ಚಂಡಮಾರುತ ನಿಜವಾಗಿ ಹೋಗಿದೆ. ಹತ್ತೂವರೆ ಆದರೂ ಒಡೆಯದೆ ಮೇಲೆದ್ದು ಮೋಡವಾಗಿ ನಿಂತರೆ ಇನ್ನೊಂದು ದಿನ ಕಾಯಿರಿ. ಘಾಟಿ ದಾರಿಯಲ್ಲಿ ಬೆಳಿಗ್ಗೆ ಹೋಗುವವರು ಈ ದಿನಗಳಲ್ಲಿ ಸ್ವಲ್ಪ ತಡವಾಗಿ ಹೊರಡಿ.

ಕಾಯುವುದಾದರೆ ಅಡಿಕೆ ಎಲ್ಲಿ ಕಾಯಬೇಕು ಅನ್ನುವುದೂ ಮುಖ್ಯ. ಮರದ ಮೇಲಿದ್ದರೆ ವಾರ ಕಾಯುತ್ತದೆ. ಒಂದಿಷ್ಟು ಹಣ್ಣಾಗಿ ಗೋಟಾದೀತು, ಆಗಲಿ. ಇಳಿಸಿದ ಕೊನೆ, ರಾಶಿ ಹಾಕದೆ ನೆರಳಲ್ಲಿ ಹರಡಿದರೆ, ಎರಡು ಮೂರು ದಿನ. ಸುಲಿದ ಅಡಿಕೆಗೆ ಮಾತ್ರ ಕಾಯುವ ತಾಳ್ಮೆ ಇಲ್ಲ. ಆದ್ದರಿಂದ ಬಂಗಾಳ ಕೊಲ್ಲಿಯಲ್ಲಿ ಏನಾದರೂ ಎದ್ದಿದೆ ಅಂತ ಕೇಳಿದ ಕೂಡಲೇ ನಿಲ್ಲಿಸಬೇಕಾದದ್ದು ಬೇಯಿಸುವುದನ್ನಲ್ಲ, ಕೊನೆ ತೆಗೆಯುವುದನ್ನು. ಮಳೆ ನಿಂತ ಮಾರನೇ ದಿನವೇ ಮರ ಹತ್ತಿಸುವುದೂ ಬೇಡ, ಪಾಚಿ ನೆನೆದು ಮರ ಜಾರುತ್ತದೆ. ಕಾರ್ಬನ್ ಫೈಬರ್ ದೋಟಿಯಲ್ಲಿ ಕೊಯ್ಯುವವರಿಗೆ ಒಂದು ಮಾತು: ಆ ದೋಟಿಯಲ್ಲಿ ಕರೆಂಟ್ ಹರಿಯುತ್ತದೆ. ತೋಟದ ಹತ್ತಿರ ತಂತಿ ಇದ್ದರೆ, ಗಾಳಿಗೆ ಜೋತುಬಿದ್ದಿದೆಯಾ ಅಂತ ನೋಡಿಯೇ ದೋಟಿ ಎತ್ತಿ.

ಭತ್ತ ಕೊಯ್ದು ಗದ್ದೆಯಲ್ಲೇ ಬಿಟ್ಟವರ ಕಷ್ಟ ಬೇರೆ. ನೆನೆದ ಸಿವುಡನ್ನು ಒಣಗಿಸದೆ ಬಣವೆ ಹಾಕಿದರೆ ಒಳಗೆ ಕಾವು ಬಂದು ಮೊಳಕೆ ಒಡೆಯುತ್ತದೆ. ಹೊಳವು ಸಿಕ್ಕ ಕೂಡಲೇ ಬದುವಿನ ಮೇಲೆ ತೆಗೆದು ಹಾಕಿ, ಮಗುಚಿ. ಅಲ್ಲಿ ಹಾಳೆ ಚಟ್ ಅನ್ನುವವರೆಗೆ ಕಾಯಲು ಆಗುವುದಿಲ್ಲ. ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಔಷಧಿ ಹೊಡೆಯುವವರು ಸೋಗೆ ಪೂರ್ತಿ ಆರಿದ ಮೇಲೆಯೇ ಹೊಡೆಯಿರಿ, ಇಲ್ಲದಿದ್ದರೆ ದುಡ್ಡು ತೊಟ್ಟಿಕ್ಕಿ ಹೋಗುತ್ತದೆ.

ಕೊನೆಗೂ ಬೇಯಿಸಿದಿರಿ ಅಂತ ಇಟ್ಟುಕೊಳ್ಳಿ. ಡಿಸೆಂಬರ್ ಬಿಸಿಲು ಗಿಡ್ಡ. ಇಬ್ಬನಿ ಆರುವ ಮೊದಲು ಟಾರ್ಪಲ್ ತೆಗೆಯಬೇಡಿ. ನಾನು ಒಂಬತ್ತೂವರೆಗೆ ತೆಗೆಯುತ್ತೇನೆ, ಸಂಜೆ ನಾಲ್ಕೂವರೆಗೆ ಮುಚ್ಚುತ್ತೇನೆ. ಅಡಿಕೆ ಇನ್ನೂ ಬೆಚ್ಚಗಿರುವಾಗಲೇ ಮುಚ್ಚಿದರೆ ಟಾರ್ಪಲ್ಲಿನ ಒಳಗೆ ಬೆವರು ಕಟ್ಟಿ ಅದೇ ಹನಿ ಕೆಳಗೆ ಬೀಳುತ್ತದೆ. ಅದಕ್ಕೆ ನೆರಳು ಬಂದ ಮೇಲೆ ಕಾಲು ಗಂಟೆ ಆರಲು ಬಿಟ್ಟು, ನಡುವೆ ಬಿದಿರು ಕೊಟ್ಟು ಎತ್ತರಿಸಿ ಮುಚ್ಚಿ. ಮೊದಲ ಎರಡು ದಿನದ ಬಿಸಿಲೇ ಬಣ್ಣ ಕೊಡುವುದು. ಆಮೇಲೆ ಒಂದು ದಿನ ಮೋಡ ಆದರೂ ನಡೆಯುತ್ತದೆ.

ಆಮೇಲೆ ಗುರುವಾರ ತಪ್ಪಿಸಬೇಡಿ. ಮುಂದಿನ ಎರಡು ವಾರದಲ್ಲಿ ಬಂಗಾಳ ಕೊಲ್ಲಿಯಲ್ಲಿ ಇನ್ನೊಂದು ಏಳುವ ಸಂಭವ ಇದೆಯಾ ಅಂತ ಹವಾಮಾನ ಇಲಾಖೆ ಹೇಳುವುದು ಅವತ್ತೇ. ನಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ ನವೆಂಬರ್, ಡಿಸೆಂಬರಿನ ಗುರುವಾರಗಳಿಗೆಲ್ಲ ಕೆಂಪು ಪೆನ್ನಿನ ಸುತ್ತು ಹಾಕಿದ್ದೇನೆ. ನೆಂಟರು ಯಾರದೋ ಹರಕೆ ಇರಬೇಕು ಅಂದುಕೊಳ್ಳುತ್ತಾರೆ.