ಮಕ್ಕಳೊಂದಿಗೆ ಕುದುರೆಮುಖ: ಇಂಬಳಕ್ಕೆ ಅಂಜದೆ ಎರಡು ದಿನ

ಮಳೆ ಹಿಂದೆಗೆದ ಮೇಲೆ ಯಾವುದಾದರೂ ಶನಿವಾರ ಬೆಳಿಗ್ಗೆ ಚಿಕ್ಕಮಗಳೂರು ಜಿಲ್ಲೆಯ ಕಳಸದ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ಯಾವ ಕುಟುಂಬ ಅರ್ಧ ದಾರಿಯಿಂದಲೇ ವಾಪಸಾಗುತ್ತದೆ ಎಂದು ಹೇಳಿಬಿಡಬಹುದು. ಮಕ್ಕಳಿಗೆ ಮೊಣಕಾಲು ಮುಟ್ಟದ ಚಡ್ಡಿ, ಅಮ್ಮನಿಗೆ ಬಿಗಿಯಾದ ಜೀನ್ಸ್, ಅಪ್ಪನ ಕೈಯಲ್ಲಿ ಪುಡಿಯುಪ್ಪಿನ ಪ್ಯಾಕೆಟ್. ಇಂಬಳಕ್ಕೆ, ಅಂದರೆ ಕಾಡಿನ ನೆಲದಲ್ಲಿ ಕಾದು ರಕ್ತ ಹೀರುವ ಜಿಗಣೆಗೆ, ಉಪ್ಪು ಇದೆಯಲ್ಲ ಎಂಬ ಧೈರ್ಯವೇ ಇವರನ್ನು ಕೆಡಿಸುವುದು.

ಕುದುರೆಮುಖ ರಾಷ್ಟ್ರೀಯ ಉದ್ಯಾನ ಸುಮಾರು 600 ಚದರ ಕಿಲೋಮೀಟರ್ ಹರಡಿದೆ. 1987ರಲ್ಲಿ ಇದನ್ನು ಘೋಷಿಸಲು ಮುಖ್ಯ ಕಾರಣ ಇಲ್ಲಿನ ಸಿಂಗಳೀಕ ಎಂಬ ಅಪರೂಪದ ಕೋತಿಗಳು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದೂ ಇಲ್ಲಿಯೇ. ಎರಡು ದಿನಕ್ಕೆ ಒಂದು ಗುಡ್ಡ, ಒಂದು ರಸ್ತೆ ಸಾಕು. ಅದಕ್ಕಿಂತ ಹೆಚ್ಚು ತುರುಕಿದವರು ನೋಡುವುದು ಕಾರಿನ ಕಿಟಕಿಯನ್ನು ಮಾತ್ರ.

1. ದಿನ ಗೊತ್ತುಮಾಡುವುದು

ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನ ವಾರಾಂತ್ಯ ಆರಿಸಿ. ಜುಲೈನಲ್ಲಿ ಮಂಜು, ಗಾಳಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಬೇಸಿಗೆಯಲ್ಲಿ ಹುಲ್ಲು ಒಣಗಿ, ಕಾಡ್ಗಿಚ್ಚಿನ ಭಯಕ್ಕೆ ಚಾರಣವನ್ನೇ ನಿಲ್ಲಿಸುವುದುಂಟು. ಚಾರಣಕ್ಕೆ ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮೊದಲೇ ಟಿಕೆಟ್ ಕಾದಿರಿಸಬೇಕು; ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಟಿಕೆಟನ್ನು ಮುದ್ರಿಸಿಟ್ಟುಕೊಳ್ಳಿ, ಗೇಟಿನ ಬಳಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಟಿಕೆಟ್ ಸಮೇತ ಎಲ್ಲ ಮಾಡಿಸಿಕೊಡುತ್ತೇವೆ ಎನ್ನುವ ಪ್ಯಾಕೇಜ್‌ಗಳು ಕುಟುಂಬಕ್ಕೆ ಹೇಳಿದ್ದಲ್ಲ. ಅವರು ನಡೆಸುವುದು ಇಪ್ಪತ್ತೈದರ ಹುಡುಗರ ವೇಗದಲ್ಲಿ.

2. ತಲುಪುವುದು

ಬೆಂಗಳೂರಿನವರು ಶುಕ್ರವಾರ ರಾತ್ರಿಯ ಬಸ್ ಹಿಡಿದು ಕಳಸದಲ್ಲಿ ಇಳಿಯಿರಿ. ಅಲ್ಲಿಂದ ಬಾಡಿಗೆ ಜೀಪು, ಸುತ್ತಮುತ್ತ ಹೋಂಸ್ಟೇ.

3. ಗುಡ್ಡ ಆರಿಸುವುದು

ಎಲ್ಲರಿಗೂ ಬೇಕಾಗಿರುವುದು 1,894 ಮೀಟರ್ ಎತ್ತರದ ಕುದುರೆಮುಖ ಶಿಖರ. ಚಾರಣ ಶುರುವಾಗುವ ಮುಳ್ಳೋಡಿಯಿಂದ ಹೋಗಿಬರಲು ಹದಿನೆಂಟು ಕಿಲೋಮೀಟರಿಗೂ ಹೆಚ್ಚು ನಡಿಗೆ, ನಡುವೆ ಹಳ್ಳಗಳು ಬೇರೆ. ಹನ್ನೆರಡು ದಾಟದ ಮಗುವಿದ್ದರೆ ಬೇಡವೇ ಬೇಡ. ಬದಲಿಗೆ ಕುರಿಂಜಲು ಗುಡ್ಡಕ್ಕೆ ಹೋಗಿ. ಬಹುಪಾಲು ಹಳೆಯ ಜೀಪು ದಾರಿ, ಕಾಡಿನ ನೆರಳು, ಕೊನೆಯಲ್ಲಿ ಮಾತ್ರ ಬಯಲು ಹುಲ್ಲು. ಮಕ್ಕಳು ದಣಿದರೆ ಎಲ್ಲಿಂದ ಬೇಕಾದರೂ ತಿರುಗಬಹುದು, ಯಾರ ಮಾನವೂ ಹೋಗುವುದಿಲ್ಲ. ಗಂಗಡಿಕಲ್ಲು ದೂರದಲ್ಲಿ ಕಡಿಮೆ, ಆದರೆ ಏರು ಕಡಿದು; ಮೊಣಕಾಲು ನೋವಿನ ಅಜ್ಜಿಯನ್ನು ಕರೆದೊಯ್ಯಬೇಡಿ.

4. ಇಂಬಳ

ಇಲ್ಲಿಯೇ ವಾರಾಂತ್ಯ ಕೆಡುವುದು. ಇಂಬಳ ಮರದಿಂದ ಉದುರುವುದಿಲ್ಲ. ನೆಲದ ಒದ್ದೆ ತರಗೆಲೆಯಲ್ಲಿ, ಗಿಡದ ತುದಿಯಲ್ಲಿ ಕಾದಿದ್ದು ಪಾದದ ಅದುರು, ಮೈಶಾಖ, ಉಸಿರು ಇವುಗಳ ಜಾಡು ಹಿಡಿದು ಬರುತ್ತದೆ. ಶೂ ಹತ್ತಿ, ಬಟ್ಟೆಯ ಸಂದಿ ಹುಡುಕುತ್ತ ಮೇಲೇರುತ್ತದೆ. ಆದ್ದರಿಂದ ರಕ್ಷಣೆ ಆರಂಭವಾಗಬೇಕಾದದ್ದು ಪಾದದಿಂದ.

ಹೋಂಸ್ಟೇಯಲ್ಲಿಯೇ ಎಲ್ಲರನ್ನೂ ಸಜ್ಜು ಮಾಡಿ, ಗೇಟಿನಲ್ಲಿ ಅಲ್ಲ. ತಿಳಿ ಬಣ್ಣದ, ಬೇಗ ಒಣಗುವ ಪೂರ್ಣ ಪ್ಯಾಂಟು. ಕಪ್ಪು ಬಟ್ಟೆಯ ಮೇಲೆ ಇಂಬಳ ಕಾಣುವುದೇ ಇಲ್ಲ. ಜೀನ್ಸ್ ನೆನೆದರೆ ದಿನವಿಡೀ ಭಾರ. ಸಾಮಾನ್ಯ ಕಾಲುಚೀಲದ ಮೇಲೆ ಮೊಣಕಾಲಿನವರೆಗಿನ ಇಂಬಳದ ಕಾಲುಚೀಲ, ಪ್ಯಾಂಟಿನ ತುದಿ ಅದರೊಳಗೆ, ಮೇಲೆ ದಾರ ಬಿಗಿದು ಗಂಟು. ಆನ್‌ಲೈನಿನಲ್ಲಿ ಇದೇ ಹೆಸರಿನಲ್ಲಿ ಹಿಗ್ಗುವ ನೈಲಾನ್ ಚೀಲ ಮಾರುತ್ತಾರೆ. ಬೆಳಕಿಗೆ ಹಿಡಿದು ನೋಡಿ, ನೇಯ್ಗೆಯ ಕಣ್ಣು ಕಂಡರೆ ಕೊಳ್ಳಬೇಡಿ; ಇಂಬಳ ನೂಲಿನಷ್ಟು ಸಣ್ಣಗಾಗಿ ನುಸುಳುತ್ತದೆ. ಒತ್ತು ನೇಯ್ಗೆಯ ದಪ್ಪ ಹತ್ತಿ ಬಟ್ಟೆಯಲ್ಲಿ ಊರಿನ ದರ್ಜಿ ಹೊಲಿದುಕೊಡುವುದು ಅದಕ್ಕಿಂತ ವಾಸಿ. ದಾರಿ ತೋರಿಸುವವರು ಚಪ್ಪಲಿ, ಅರ್ಧ ಚಡ್ಡಿಯಲ್ಲಿ ಬರುತ್ತಾರೆಂದು ನೀವು ಹಾಗೆ ಹೊರಡಬೇಡಿ. ಇಂಬಳ ಹತ್ತಿದ ಕ್ಷಣವೇ ಅವರಿಗೆ ಗೊತ್ತಾಗುತ್ತದೆ, ನಮಗೆ ರಕ್ತ ಕಂಡ ಮೇಲೆ.

ಶೂ ಮತ್ತು ಚೀಲದ ಮೇಲೆ ಬೇವಿನೆಣ್ಣೆ, ಇಲ್ಲವೇ ನೆನೆಸಿದ ಹೊಗೆಸೊಪ್ಪಿನ ನೀರು. ಹೊಗೆಸೊಪ್ಪು ಬಟ್ಟೆಗೆ ಮಾತ್ರ, ಮಕ್ಕಳ ಚರ್ಮಕ್ಕೆ ಸೋಕಿಸಬೇಡಿ. ಮಳೆ ಬಂದರೆ, ಹಳ್ಳ ದಾಟಿದರೆ ಎಲ್ಲವೂ ತೊಳೆದುಹೋಗುತ್ತದೆ, ಮತ್ತೆ ಹಚ್ಚಬೇಕು. ಸುವಾಸನೆಯ ಸೊಳ್ಳೆ ಕ್ರೀಮುಗಳು ಇಲ್ಲಿ ದುಡ್ಡು ದಂಡ. ಉಪ್ಪಿಗೂ ಕೆಲಸವಿದೆ, ಆದರೆ ಪ್ಯಾಕೆಟ್ಟಿನಿಂದ ಎರಚುವುದಲ್ಲ. ಹಳೆಯ ಪಂಚೆಯ ತುಂಡಿನಲ್ಲಿ ಉಪ್ಪು ಕಟ್ಟಿ, ಆ ಗಂಟನ್ನು ಕೋಲಿನ ತುದಿಗೆ ಬಿಗಿದು, ನೀರಿನಲ್ಲಿ ಅದ್ದಿ ಹಿಡಿದುಕೊಳ್ಳಿ. ಶೂ ಹತ್ತುವ ಇಂಬಳಕ್ಕೆ ಮುಟ್ಟಿಸಿದರೆ ಸಾಕು, ಸುರುಟಿ ಬೀಳುತ್ತದೆ. ಬಗ್ಗಬೇಕಾಗಿಲ್ಲ, ಮಕ್ಕಳಿಗೂ ಒಂದು ಉದ್ಯೋಗ.

ನಡೆಯುವಾಗ ಮಕ್ಕಳು ಮುಂದೆ, ದೊಡ್ಡವರು ಹಿಂದೆ. ಮೊದಲ ಹೆಜ್ಜೆಗಳಿಗೆ ಎಚ್ಚೆತ್ತ ಇಂಬಳ ಸಿಗುವುದು ಹಿಂದೆ ಬರುವವರಿಗೆ. ನೆರಳಿನ ತರಗೆಲೆಯಲ್ಲಿ ನಿಂತು ಫೋಟೊ ತೆಗೆಯುವುದು, ಬಿಸ್ಕತ್ತು ಹಂಚುವುದು ಬೇಡ. ಬಿಸಿಲು ಬಿದ್ದ ಬಂಡೆ ಸಿಗುವವರೆಗೆ ನಡೆಯಿರಿ, ಅಲ್ಲಿ ಕುಳಿತು ಒಬ್ಬರ ಕಾಲನ್ನು ಇನ್ನೊಬ್ಬರು ನೋಡಿ. ಹಳ್ಳದ ನೀರಿಗೆ ಮುಖ ಹಚ್ಚಿ ಕುಡಿಯಲು ಮಕ್ಕಳನ್ನು ಬಿಡಬೇಡಿ, ನೀರಿನ ಜಿಗಣೆ ಮೂಗಿನೊಳಗೆ ಹೋಗಬಹುದು.

ಕಚ್ಚಿಯೇ ಬಿಟ್ಟರೆ? ಎಳೆಯಬೇಡಿ, ಬೆಂಕಿಕಡ್ಡಿ ತೋರಬೇಡಿ, ಉಪ್ಪು ಸುರಿಯಬೇಡಿ. ಗಾಬರಿಗೊಂಡ ಇಂಬಳ ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಾರಿಬಿಡುತ್ತದೆ. ಅದರ ಸಪೂರ ತುದಿ ಬಾಯಿ. ಆ ತುದಿಯ ಪಕ್ಕದ ಚರ್ಮವನ್ನು ಒಂದು ಕೈಯಿಂದ ಬಿಗಿಹಿಡಿದು, ಇನ್ನೊಂದು ಕೈಯ ಉಗುರನ್ನು ಚರ್ಮಕ್ಕೆ ತಾಗಿಸಿ ಅಡ್ಡಕ್ಕೆ ಸರಿಸಿ. ಬಾಯಿ ಬಿಟ್ಟೊಡನೆ ದಪ್ಪ ತುದಿಯನ್ನೂ ಹಾಗೆಯೇ ಎಬ್ಬಿಸಿ, ದೂರ ಚಿಮ್ಮಿಸಿ. ರಕ್ತ ಮಾತ್ರ ಬೇಗ ನಿಲ್ಲುವುದಿಲ್ಲ. ಹೆಪ್ಪುಗಟ್ಟದಂತೆ ತಡೆಯುವ ವಸ್ತುವೊಂದನ್ನು ಅದು ಬಿಟ್ಟುಹೋಗಿರುತ್ತದೆ. ಸೋಪಿನಿಂದ ತೊಳೆದು, ಚೊಕ್ಕ ಬಟ್ಟೆ ಒತ್ತಿಹಿಡಿದು, ಪಟ್ಟಿ ಕಟ್ಟಿ. ತುಂಬಾ ಸಣ್ಣ ಗಾಯವೆಂದು ಮಗುವಿಗೆ ಮೊದಲೇ ಹೇಳಿಟ್ಟಿದ್ದರೆ ಅಳು ಅರ್ಧ ಕಡಿಮೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಮನೆಯಲ್ಲಿದ್ದರೆ ಹೊರಡುವ ಮುನ್ನ ವೈದ್ಯರನ್ನು ಕೇಳಿ. ಮುಂದಿನ ಕೆಲವು ದಿನ ತುರಿಕೆ ಇರುತ್ತದೆ, ಕೆರೆದರೆ ಕೀವಾಗುತ್ತದೆ.

5. ಭಾನುವಾರದ ರಸ್ತೆ

ಕಳಸದಿಂದ ಕುದುರೆಮುಖ ಪಟ್ಟಣ ದಾಟಿ ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ) ಕಡೆಗೆ. ಪಟ್ಟಣದ ಅರ್ಧ ಮನೆಗಳು ಏಕೆ ಖಾಲಿ ಎಂದು ಮಕ್ಕಳು ಕೇಳುತ್ತಾರೆ. ಇಲ್ಲಿ ಕಬ್ಬಿಣದ ಅದಿರು ತೆಗೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಗಣಿಯ ಹೂಳು ತುಂಬಿದ ಲಕ್ಯಾ ಅಣೆಕಟ್ಟನ್ನು ನೋಡಿಯೇ ತೀರಬೇಕೆಂದು, ಒಳಬಿಡದಿದ್ದರೆ ಗೇಟಿನಲ್ಲಿ ಜಗಳಕ್ಕೆ ನಿಲ್ಲಬೇಡಿ.

ಅರಣ್ಯ ತಪಾಸಣಾ ಗೇಟಿನಲ್ಲಿ ಒಳಹೊಕ್ಕ ಸಮಯ ಬರೆದ ಚೀಟಿ ಕೊಡುತ್ತಾರೆ. ನಿಗದಿತ ಅವಧಿಯೊಳಗೆ ಆಚೆಯ ಗೇಟು ದಾಟದಿದ್ದರೆ ದಂಡ. ತಿರುವುಗಳಲ್ಲಿ ಇಳಿದು ತಿಂಡಿ ಬಿಚ್ಚಿ, ಆಮೇಲೆ ವೇಗವಾಗಿ ಓಡಿಸುವವರಿಂದಲೇ ರಸ್ತೆಯಲ್ಲಿ ಪ್ರಾಣಿಗಳು ಸಾಯುವುದು. ಹೊಟ್ಟೆ ತುಂಬಿಸಿಕೊಂಡು ಹೊರಡಿ. ಕಡಂಬಿ ಜಲಪಾತ ರಸ್ತೆಯಿಂದಲೇ ಕಾಣುತ್ತದೆ. ಹನುಮನಗುಂಡಿ ಜಲಪಾತಕ್ಕೆ ಮೆಟ್ಟಿಲಿಳಿಯಬೇಕು, ಹತ್ತುವಾಗ ಚಿಕ್ಕವರು ಹೆಗಲೇರುವುದು ಖಚಿತ. ಅಲ್ಲಿ ನಿಲ್ಲಲು ಅವಕಾಶ ಇದೆಯೇ, ಸಮಯ ಎಷ್ಟು ಎಂದು ಗೇಟಿನಲ್ಲಿಯೇ ಕೇಳಿಕೊಳ್ಳಿ. ಕೋತಿಗಳಿಗೆ ಬಾಳೆಹಣ್ಣು ಎಸೆಯುವ ಮಾವ ಪ್ರತಿ ಕುಟುಂಬದಲ್ಲಿಯೂ ಒಬ್ಬರಿರುತ್ತಾರೆ. ಅವರನ್ನು ಕಿಟಕಿಯಿಂದ ದೂರ ಕೂರಿಸಿ.

6. ಮನೆಗೆ ಬಂದ ಮೇಲೆ

ಬ್ಯಾಗು, ಬಟ್ಟೆ ಎಲ್ಲವನ್ನೂ ಹೊರಗೆ ಕೊಡವಿಯೇ ಒಳತನ್ನಿ. ಶೂಗಳಲ್ಲಿ ಹಳೆಯ ಪತ್ರಿಕೆ ತುರುಕಿ ಗಾಳಿಯಾಡುವಲ್ಲಿ ಇಡಿ. ಸೋಮವಾರ ಶಾಲೆಗೆ ಬೇಕೆಂದು ಹೇರ್ ಡ್ರೈಯರ್ ಹಿಡಿದರೆ ಅಂಟು ಬಿಟ್ಟು ಅಟ್ಟೆ ಕೈಗೆ ಬರುತ್ತದೆ.