ಪಿಕಪ್ ಕೊಳ್ಳುವ ಮೊದಲು ಅದರ ಹಿಂದಿನ ಸೀಟಿನಲ್ಲಿ ಕುಳಿತು ನೋಡಿ

ಪ್ರತಿ ವರ್ಷ ಆಷಾಢದ ಮಳೆಯಲ್ಲಿ ನಾನು ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬಂದು ಮೂರು ವಾರ ಇರುವಾಗ, ಅಮೆರಿಕಕ್ಕೆ ಹೊರಟು ನಿಂತ ಇಬ್ಬರೋ ಮೂವರೋ ಜಗಲಿಗೆ ಬಂದು ಕೂರುವುದು ರೂಢಿಯಾಗಿದೆ. ವೀಸಾ, ಬಾಡಿಗೆ ಮನೆ, ಮಕ್ಕಳ ಶಾಲೆ ಎಲ್ಲದರ ಮಾತೂ ಮುಗಿದ ಮೇಲೆ, ಕಷಾಯದ ಲೋಟ ಕೆಳಗಿಡುತ್ತ ಅವರು ಕೇಳುವ ಪ್ರಶ್ನೆ ಬಹುತೇಕ ಒಂದೇ: "ಅಣ್ಣ, ಅಲ್ಲಿ ಮನೆಬಳಕೆಗೆ ಒಂದು ಪಿಕಪ್ ತಗೊಂಡರೆ ಹೇಗೆ?" ಹೊಸನಗರ, ಸಾಗರ, ಕೊಪ್ಪದ ಕಡೆಯವರಿಗೆ ಈ ಆಸೆ ಹುಟ್ಟುವುದು ಸಹಜ. ಅಡಿಕೆ ಮೂಟೆ, ಗೊಬ್ಬರ, ಸೊಪ್ಪು, ಮದುವೆ ಮನೆಯ ಪಾತ್ರೆ, ಒಮ್ಮೊಮ್ಮೆ ಮದುವೆಯ ದಿಬ್ಬಣವನ್ನೂ ಒಂದೇ ಜೀಪು ಅಥವಾ ಪಿಕಪ್ ಹೊತ್ತದ್ದನ್ನು ನೋಡಿ ಬೆಳೆದವರು ನಾವು. ಮಿನ್ನೆಸೋಟದಲ್ಲಿ ಹದಿನೇಳು ವರ್ಷ ಸಂಸಾರ ಮಾಡಿ, ಎರಡು ಪಿಕಪ್‌ಗಳನ್ನು ಇಟ್ಟುಕೊಂಡ ಅನುಭವದಿಂದ ಹೇಳುವುದಾದರೆ, ಹೊಸಬರು ಎಡವುವುದು ಎಂಜಿನ್ನಿನ ಆಯ್ಕೆಯಲ್ಲಿ ಅಲ್ಲ. ಅವರು ಬಾನೆಟ್ ತೆಗೆಸಿ ನೋಡುತ್ತಾರೆ, ಹಿಂದಿನ ಬಾಡಿಯನ್ನು ತಟ್ಟಿ ನೋಡುತ್ತಾರೆ, ಆದರೆ ಹೆಂಡತಿ ಮಕ್ಕಳು ಹತ್ತು ವರ್ಷ ಕೂರಬೇಕಾದ ಹಿಂದಿನ ಸೀಟಿನಲ್ಲಿ ಐದು ನಿಮಿಷವೂ ಕೂರದೆ ಸಹಿ ಹಾಕಿಬಿಡುತ್ತಾರೆ.

ಮೊದಲು ಗಾತ್ರದ ವಿಷಯ. ಅಲ್ಲಿ ಮಧ್ಯಮ ಗಾತ್ರದ್ದೆಂದು ಕರೆಯುವ ಪಿಕಪ್ ನಮ್ಮ ಕಣ್ಣಿಗೆ ದೊಡ್ಡ ಗಾಡಿಯೇ. ಟೊಯೊಟಾ ಟಕೋಮಾ, ಫೋರ್ಡ್ ರೇಂಜರ್, ಷೆವ್ರೊಲೆ ಕೊಲೊರಾಡೋ ಮತ್ತು ಅದರ ಜೋಡಿಯಾದ ಜಿಎಂಸಿ ಕ್ಯಾನ್ಯನ್, ನಿಸಾನ್ ಫ್ರಾಂಟಿಯರ್, ಜೀಪ್ ಗ್ಲಾಡಿಯೇಟರ್, ಹೋಂಡಾ ರಿಡ್ಜ್‌ಲೈನ್ ಇವೇ ಆ ವರ್ಗದ ಮುಖ್ಯ ಹೆಸರುಗಳು. ನಾಲ್ಕು ಬಾಗಿಲಿನ, ಗಿಡ್ಡ ಬಾಡಿಯ ಮಾದರಿಗಳು ಸಾಧಾರಣವಾಗಿ 210 ಇಂಚಿನ ಆಸುಪಾಸು, ಅಂದರೆ ಐದೂಕಾಲು ಮೀಟರಿಗೂ ಹೆಚ್ಚು ಉದ್ದವಿರುತ್ತವೆ. ಶಿವಮೊಗ್ಗದ ರಸ್ತೆಗಳಲ್ಲಿ ಆಗೊಮ್ಮೆ ಈಗೊಮ್ಮೆ ಕಾಣುವ ಹೈಲಕ್ಸ್ ಅಥವಾ ಇಸುಜು ವಿ-ಕ್ರಾಸ್ ಅಲ್ಲಿ ಏಕೆ ಸಿಗುವುದಿಲ್ಲವೆಂದು ಹಲವರು ಕೇಳುತ್ತಾರೆ. ಯುರೋಪಿನ ದೇಶಗಳು ಅಮೆರಿಕದ ಕೋಳಿಮಾಂಸದ ಮೇಲೆ ಸುಂಕ ಏರಿಸಿದ್ದಕ್ಕೆ ಪ್ರತಿಯಾಗಿ ಅಧ್ಯಕ್ಷ ಜಾನ್ಸನ್ ಹೊರದೇಶದ ಲಘು ಟ್ರಕ್ಕುಗಳ ಮೇಲೆ ಶೇ 25 ಸುಂಕ ವಿಧಿಸಿದರು. 1964ರಲ್ಲಿ ಜಾರಿಗೆ ಬಂದ ಆ ಸುಂಕ ಕೋಳಿಯ ಜಗಳ ಮರೆತುಹೋದ ಮೇಲೂ ಉಳಿಯಿತು. ಹೀಗಾಗಿ ಅಲ್ಲಿ ಮಾರಾಟವಾಗುವ ಈ ವರ್ಗದ ಗಾಡಿಗಳು ಅಮೆರಿಕದಲ್ಲೋ ಮೆಕ್ಸಿಕೋದಲ್ಲೋ ತಯಾರಾದವು, ಅಲ್ಲಿನ ರುಚಿಗೆ ತಕ್ಕಂತೆ ರೂಪಿಸಿದವು.

ಗಾತ್ರ ನೋಡಿ ಹೊರೆಯನ್ನು ಊಹಿಸಬಾರದು. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ-ಬಿಳಿ ಚೀಟಿಯೊಂದು ಅಂಟಿರುತ್ತದೆ. ಜನರೂ ಸಾಮಾನೂ ಸೇರಿ ಇಷ್ಟನ್ನು ಮೀರಬಾರದು ಎಂದು ಅದರಲ್ಲಿ ಕಿಲೋ ಮತ್ತು ಪೌಂಡ್ ಎರಡರಲ್ಲೂ ಬರೆದಿರುತ್ತದೆ. ಒಂದೇ ಹೆಸರಿನ ಗಾಡಿಯಲ್ಲಿಯೂ ಸನ್‌ರೂಫ್, ದೊಡ್ಡ ಟಯರ್, ಫೋರ್-ವೀಲ್ ಸೇರಿದಷ್ಟೂ ಈ ಅಂಕಿ ಇಳಿಯುತ್ತದೆಯಾದ್ದರಿಂದ, ಜಾಹೀರಾತಿನ ಅಂಕಿಯನ್ನು ಬಿಟ್ಟು ನೀವು ಕೊಳ್ಳುವ ಗಾಡಿಯ ಚೀಟಿಯನ್ನೇ ಓದಬೇಕು. ಚೀಟಿಯಲ್ಲಿ 1,200 ಪೌಂಡ್ ಎಂದಿದೆಯೆನ್ನಿ. ಅದು 544 ಕಿಲೋ, ನಮ್ಮ ಲೆಕ್ಕದಲ್ಲಿ ಐದೂವರೆ ಕ್ವಿಂಟಾಲಿಗೂ ತುಸು ಕಡಿಮೆ. ಟನ್ನಿಗೂ ಮೀರಿ ಅಡಿಕೆ ಹೊರುವ ನಮ್ಮ ಬೊಲೆರೋ ಪಿಕಪ್‌ಗಿಂತ ಭಾರಿಯಾಗಿ ಕಾಣುವ ಗಾಡಿ ಅದರ ಅರ್ಧದಷ್ಟು ಹೊರುತ್ತದೆ ಎಂದರೆ ಜಗಲಿಯಲ್ಲಿ ಕುಳಿತವರು ನಂಬುವುದೇ ಇಲ್ಲ. ಈಗ ಕೂಡಿಸಿ ನೋಡಿ. ಗಂಡ ಹೆಂಡತಿ 140 ಕಿಲೋ, ಎರಡು ಮಕ್ಕಳು ತಮ್ಮ ಸುರಕ್ಷತಾ ಸೀಟುಗಳೊಂದಿಗೆ 60, ಊರಿನಿಂದ ಬಂದ ಅಜ್ಜಿ 55, ಅಲ್ಲಿಗೆ 255 ಆಯಿತು. ಹಿಂದಿನ ಬಾಡಿಗೆ ಫೈಬರಿನ ಮುಚ್ಚು ಗೂಡು ಹಾಕಿಸಿದರೆ ಇನ್ನೊಂದು 80. ರಜೆಯಲ್ಲಿ 3,500 ಪೌಂಡಿನ ಟ್ರೇಲರ್ ಎಳೆಯುವ ಆಸೆಯಿದ್ದರೆ, ಟ್ರೇಲರಿನ ತೂಕದ ಶೇ 10ರಿಂದ 15ರಷ್ಟು ಹಿಚ್ಚಿನ, ಅಂದರೆ ಟ್ರೇಲರ್ ಸಿಕ್ಕಿಸುವ ಹಿಂದಿನ ಕೊಂಡಿಯ, ಮೇಲೆ ಕೂರುತ್ತದೆ. ಅದನ್ನು 200 ಕಿಲೋ ಎಂದಿಟ್ಟುಕೊಳ್ಳಿ. ಒಟ್ಟು 535. ಉಳಿಯುವುದು ಒಂಬತ್ತು ಕಿಲೋ, ಒಂದು ಅಕ್ಕಿ ಚೀಲಕ್ಕೂ ಸಾಲದು. ಐದಾರು ಸಾವಿರ ಪೌಂಡ್ ಎಳೆಯುತ್ತದೆ ಎಂಬ ಮಾರಾಟಗಾರನ ಮಾತು ಸುಳ್ಳಲ್ಲ, ಆದರೆ ಅದನ್ನು ಎಳೆಯುವಾಗ ಅಜ್ಜಿ ಮನೆಯಲ್ಲಿರಬೇಕಾಗುತ್ತದೆ.

ಅಜ್ಜಿಯ ಮಾತು ಬಂದದ್ದರಿಂದ ಹಿಂದಿನ ಸೀಟಿಗೆ ಬರುತ್ತೇನೆ. ಈ ವರ್ಗದ ಪಿಕಪ್‌ಗಳಲ್ಲಿ ಐದೇ ಜನ ಕೂರಬಹುದು. ಹಿಂದೆ ಬಾಡಿಯಲ್ಲಿ ನಿಂತು ಹೋಗುವ ನಮ್ಮೂರಿನ ಏರ್ಪಾಟನ್ನು ಅಲ್ಲಿ ಮನಸ್ಸಿನಿಂದ ತೆಗೆದುಹಾಕಿ. ನಾಲ್ವರ ಸಂಸಾರಕ್ಕೆ ಅಪ್ಪ ಅಮ್ಮ ಆರು ತಿಂಗಳಿಗೆಂದು ಬಂದ ದಿನವೇ ಆರು ಜನರಾಗುತ್ತಾರೆ. ಐವರೇ ಇದ್ದರೂ, ಎರಡು ಮಕ್ಕಳ ಸೀಟುಗಳ ನಡುವೆ ಉಳಿಯುವ ಒಂದು ಗೇಣು ಜಾಗದಲ್ಲಿ ಅರವತ್ತೈದು ದಾಟಿದವರನ್ನು ಕೂರಿಸಿ ದೂರ ಪ್ರಯಾಣ ಮಾಡುವುದು ಆಗದ ಮಾತು. ಕ್ಯಾಬಿನ್ನಿನ ಹಿಂಗೋಡೆ ಬೆನ್ನಿಗೇ ಇರುವುದರಿಂದ ಹಿಂದಿನ ಸೀಟು ಬಹುತೇಕ ನೆಟ್ಟಗಿರುತ್ತದೆ, ಹಿಂದಕ್ಕೆ ಬಾಗುವುದಿಲ್ಲ. ಹಿಮ್ಮುಖವಾಗಿ ಕಟ್ಟುವ ಶಿಶುವಿನ ಸೀಟನ್ನು ಅಲ್ಲಿ ಇಟ್ಟರೆ ಮುಂದಿನ ಸೀಟನ್ನು ಎಷ್ಟು ಮುಂದಕ್ಕೆ ತಳ್ಳಬೇಕಾಗುತ್ತದೆಂದರೆ, ಎತ್ತರದವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತದೆ. ಆದ್ದರಿಂದ ಷೋರೂಮಿಗೆ ಹೋಗುವಾಗ ನಿಮ್ಮ ಮಗುವಿನ ಸೀಟನ್ನೇ ಹೊತ್ತುಕೊಂಡು ಹೋಗಿ, ಕಟ್ಟಿ, ನಂತರ ಮುಂದೆ ಕುಳಿತು ನೋಡಬೇಕು. ಮುಮ್ಮುಖ ಸೀಟಿನ ಮೇಲ್ಪಟ್ಟಿಯನ್ನು ಕಾರುಗಳಲ್ಲಿ ನೇರವಾಗಿ ಕೊಂಡಿಗೆ ಸಿಕ್ಕಿಸುತ್ತೇವೆ. ಅನೇಕ ಪಿಕಪ್‌ಗಳಲ್ಲಿ ಹಾಗಲ್ಲ: ಸೀಟಿನ ಹಿಂದಿರುವ ಬಟ್ಟೆಯ ಕುಣಿಕೆಯೊಳಗೆ ಪಟ್ಟಿಯನ್ನು ತೂರಿಸಿ ಪಕ್ಕದ ಸೀಟಿನ ಕುಣಿಕೆಗೆ ಸಿಕ್ಕಿಸಬೇಕಾಗುತ್ತದೆ. ಗಾಡಿಯ ಕೈಪಿಡಿಯಲ್ಲಿ ಇದರ ಚಿತ್ರವಿರುತ್ತದೆ. ಅದನ್ನು ನೋಡದೆ ಊಹೆಯ ಮೇಲೆ ಕಟ್ಟಬೇಡಿ.

ಕ್ಯಾಬಿನ್ ಉದ್ದವಾಗಿ ಕಂಡರೆ ಸಾಕೆಂದೂ ತಿಳಿಯಬೇಡಿ. ಫ್ರಾಂಟಿಯರಿನ ಕಿಂಗ್ ಕ್ಯಾಬ್ ಎಂಬ ಮಾದರಿಯಲ್ಲಿ ಹಿಂದೆ ಮಡಚುವ ಪುಟ್ಟ ಆಸನಗಳಿವೆ, 2024ರ ಟಕೋಮಾದ ಎರಡೇ ಬಾಗಿಲಿನ ಎಕ್ಸ್‌ಟ್ರಾ ಕ್ಯಾಬ್‌ನಲ್ಲಿ ಹಿಂದೆ ಸೀಟೇ ಇಲ್ಲ, ಸಾಮಾನಿಡುವ ಜಾಗವಷ್ಟೇ. ಅಗ್ಗವೆಂದು ಇಂಥವನ್ನು ಕೊಂಡು ಮರುವರ್ಷವೇ ಮಾರಿದವರಿದ್ದಾರೆ. ಇದಕ್ಕಿಂತ ಗಂಭೀರವಾದದ್ದು ಢಿಕ್ಕಿಯಾದಾಗ ಹಿಂದಿನ ಸೀಟಿನವರ ಗತಿ. ವಿಮಾ ಕಂಪನಿಗಳ ಹಣದಿಂದ ನಡೆಯುವ ಐಐಎಚ್‌ಎಸ್ ಎಂಬ ಸುರಕ್ಷತಾ ಸಂಸ್ಥೆ 2023ರಲ್ಲಿ ಈ ಬಗೆಯ ಐದು ಪಿಕಪ್‌ಗಳನ್ನು, ಹಿಂದಿನ ಸೀಟಿನಲ್ಲಿ ಸಣ್ಣ ಮೈಕಟ್ಟಿನ ಹೆಂಗಸಿನ ಅಥವಾ ಹನ್ನೆರಡು ವರ್ಷದ ಮಗುವಿನ ಗಾತ್ರದ ಗೊಂಬೆಯನ್ನು ಕೂರಿಸಿ ಪರೀಕ್ಷಿಸಿತು. ಫ್ರಾಂಟಿಯರಿಗೆ ಕೆಳಗಿನಿಂದ ಎರಡನೆಯ ದರ್ಜೆ ಸಿಕ್ಕರೆ, ಆಗಿನ ಕೊಲೊರಾಡೋ, ರೇಂಜರ್, ಗ್ಲಾಡಿಯೇಟರ್, ಟಕೋಮಾ ನಾಲ್ಕಕ್ಕೂ ಕಟ್ಟಕಡೆಯ ದರ್ಜೆ ಸಿಕ್ಕಿತು. ಟಕೋಮಾ ಮತ್ತು ರೇಂಜರ್ 2024ರ ಮಾದರಿಯಿಂದ ಹೊಸ ವಿನ್ಯಾಸಕ್ಕೆ ಬದಲಾಗಿವೆ. ಆದ್ದರಿಂದ ನೀವು ಕೊಳ್ಳುವ ಗಾಡಿಯ ಹೆಸರಿನ ಜೊತೆಗೆ ಅದರ ವರ್ಷವನ್ನೂ ಹಾಕಿ ಆ ಸಂಸ್ಥೆಯ ದರ್ಜೆಯನ್ನು ಹುಡುಕಿ ನೋಡಿ.

ಸಣ್ಣದೆಂದು ತೋರುವ ಇನ್ನೊಂದು ವಿಷಯವಿದೆ. ಸೀರೆ ಉಟ್ಟವರಿಗೆ ಪಿಕಪ್ ಹತ್ತುವುದು ಅಟ್ಟ ಹತ್ತಿದಂತೆ. ಮೊದಲ ಸಲ ನನ್ನ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಎತ್ತಿ ಹಿಡಿದು, ಕಾಲಿಡಲು ಜಾಗ ಹುಡುಕುತ್ತ ನಿಂತದ್ದನ್ನು ನೋಡಿದ ಮೇಲೆ ನಾನು ಪಕ್ಕದ ಮೆಟ್ಟಿಲು ಹಾಕಿಸಿದೆ. ಕಾರ್ಖಾನೆಯಿಂದಲೇ ಮೆಟ್ಟಿಲು ಮತ್ತು ಬಾಗಿಲ ಕಂಬದಲ್ಲಿ ಹಿಡಿಕೆ ಇರುವ ಮಾದರಿ ಸಿಕ್ಕರೆ ಅದನ್ನೇ ಆರಿಸಿ. ಕಾಡುದಾರಿಗೆಂದು ಎತ್ತರಿಸಿದ ಮಾದರಿಗಳು ಚಿತ್ರದಲ್ಲಿ ಚೆನ್ನ.

ತೆರೆದ ಬಾಡಿಯ ಪಾಠವನ್ನು ಕಲಿತದ್ದು ವಿಮಾನ ನಿಲ್ದಾಣದ ದಾರಿಯಲ್ಲಿ. ಅಪ್ಪ ಅಮ್ಮ ತಲಾ ಎರಡರಂತೆ ತಂದಿದ್ದ 23 ಕಿಲೋದ ನಾಲ್ಕು ಪೆಟ್ಟಿಗೆಗಳನ್ನು ನನ್ನ ಮೊದಲ ಪಿಕಪ್ಪಿನ ಬಾಡಿಯಲ್ಲಿ ಸಾಲಾಗಿ ಇಟ್ಟು ಹೊರಟವನಿಗೆ ಅರ್ಧ ದಾರಿಯಲ್ಲಿ ಮಳೆ ಸಿಕ್ಕಿತು. ಆಗುಂಬೆಯ ಮಗ್ಗುಲಲ್ಲಿ ಹುಟ್ಟಿದವನು ಟಾರ್ಪಾಲು ಇಟ್ಟುಕೊಳ್ಳದೆ ಹೊರಟದ್ದಕ್ಕೆ ಅಪ್ಪ ಇಂದಿಗೂ ನಗುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿಗಳು ಹೇಗೋ ಬಚಾವಾದವು, ಆದರೆ ಹಪ್ಪಳ, ಚಟ್ನಿಪುಡಿ ಮತ್ತು ಮೊಮ್ಮಕ್ಕಳಿಗೆಂದು ಹೊಲಿಸಿದ ಬಟ್ಟೆಗಳು ಉಳಿಯಲಿಲ್ಲ. ಹಾಗಾಗಿ ಮುಚ್ಚಳದ ಖರ್ಚನ್ನು ಮೊದಲೇ ಗಾಡಿಯ ಬೆಲೆಗೆ ಸೇರಿಸಿಕೊಳ್ಳಬೇಕು. ಸುತ್ತುವ ಬಟ್ಟೆಯ ಮುಚ್ಚಳ ಅಗ್ಗ, ಆದರೆ ಚಾಕುವಿನಿಂದ ಕೊಯ್ದರೆ ಮುಗಿಯಿತು. ಮಡಚುವ ಗಟ್ಟಿ ಮುಚ್ಚಳಕ್ಕೆ ಬೀಗವಿರುತ್ತದೆ, ಮೂಲೆಯಲ್ಲಿ ಸ್ವಲ್ಪ ನೀರು ಆಗಲೂ ಇಳಿಯಬಹುದು. ರಿಡ್ಜ್‌ಲೈನ್‌ನಲ್ಲಿ ಮಾತ್ರ ಬಾಡಿಯ ನೆಲದ ಕೆಳಗೆ ಬೀಗ ಹಾಕುವ ಡಿಕ್ಕಿಯಿದೆ, ತೊಳೆದ ನೀರು ಹರಿದುಹೋಗಲು ಅದರ ತಳದಲ್ಲಿ ಬಿರಡೆಯೂ ಇದೆ. ವಾರದ ದಿನಸಿ ಇಡಲು ಅದರಷ್ಟು ಅನುಕೂಲ ಬೇರೆ ಯಾವ ಪಿಕಪ್ಪಿನಲ್ಲಿಯೂ ನಾನು ಕಂಡಿಲ್ಲ. ನಾಲ್ಕಡಿ ಅಗಲದ ಪ್ಲೈವುಡ್ ಹಲಗೆ ರಿಡ್ಜ್‌ಲೈನ್ ಮತ್ತು 2024ರ ನಂತರದ ರೇಂಜರ್‌ನಲ್ಲಿ ಚಕ್ರದ ಉಬ್ಬುಗಳ ನಡುವೆ ನೆಲಕ್ಕೆ ಕೂರುತ್ತದೆ.

ಹಿಮದ ಬಗ್ಗೆ ಮಲೆನಾಡಿನವರಿಗೆ ಒಂದು ಎಚ್ಚರಿಕೆ ಅಗತ್ಯ, ಏಕೆಂದರೆ ಕೆಸರಿನ ಅನುಭವ ನಮಗೆ ಬೇಡದ ಧೈರ್ಯ ಕೊಟ್ಟಿರುತ್ತದೆ. ಕೆಸರಿನಲ್ಲಿ ಗಾಡಿ ಹೂತರೆ ನಿಲ್ಲುತ್ತದೆ. ಮಂಜುಗಡ್ಡೆಯ ಮೇಲೆ ಜಾರಿದರೆ ನಿಲ್ಲುವುದಿಲ್ಲ. ಖಾಲಿ ಪಿಕಪ್ಪಿನ ಭಾರವೆಲ್ಲ ಮುಂದಿರುವುದರಿಂದ, ಹಿಂಚಕ್ರಕ್ಕಷ್ಟೇ ಶಕ್ತಿ ಹೋಗುವ ಮಾದರಿಯಲ್ಲಿ ಹಿಂಭಾಗ ತಿರುವಿನಲ್ಲಿ ಬೀಸಿಕೊಂಡು ಬರುತ್ತದೆ. ಫೋರ್-ವೀಲ್ ಹೊರಡಲು ನೆರವಾಗುತ್ತದೆಯೇ ಹೊರತು ಬ್ರೇಕಿಗೆ ನೆರವಾಗುವುದಿಲ್ಲ, ಆ ಕೆಲಸ ಚಳಿಗಾಲದ ಟಯರುಗಳದ್ದು. ಚಾಸಿಯ ಮೇಲೆ ಕಟ್ಟಿದ ಪಿಕಪ್‌ಗಳಲ್ಲಿ ಬಹುತೇಕ ಇರುವುದು ನಮ್ಮ ಜೀಪಿನಂತೆ ಬೇಕಾದಾಗ ಹಾಕುವ ಫೋರ್-ವೀಲ್. ಅದನ್ನು ಒಣ ಡಾಂಬರಿನ ಮೇಲೆ ಹಾಕಿ ತಿರುವು ತೆಗೆದುಕೊಂಡರೆ ಗೇರುಗಳ ಮೇಲೆ ಒತ್ತಡ ಬೀಳುತ್ತದೆ. ಅರ್ಧ ಹಿಮ, ಅರ್ಧ ಒಣಗಿದ ಊರಿನ ರಸ್ತೆಗಳಲ್ಲಿ ಮಕ್ಕಳನ್ನು ಶಾಲೆಗೆ ಬಿಡುವವರಿಗೆ ತಾನಾಗಿ ಶಕ್ತಿ ಹಂಚುವ ಆಲ್-ವೀಲ್ ವ್ಯವಸ್ಥೆಯೇ ನೆಮ್ಮದಿ. ಟೆಕ್ಸಾಸಿಗೆ ಹೋಗುವವರು ಈ ಪ್ಯಾರಾವನ್ನು ಬಿಡಬಹುದು.

ಇಂಧನದ ಲೆಕ್ಕ ಸರಳ. ಗ್ಯಾಲನ್ನಿಗೆ 21 ಮೈಲಿ ಎಂದರೆ ಲೀಟರಿಗೆ ಒಂಬತ್ತು ಕಿಲೋಮೀಟರಿಗೂ ಕಡಿಮೆ. ವರ್ಷಕ್ಕೆ 12,000 ಮೈಲಿ ಓಡಿಸಿದರೆ 570 ಗ್ಯಾಲನ್ ಬೇಕು. 38 ಮೈಲಿ ಕೊಡುವ ಹೈಬ್ರಿಡ್ ಕಾರಿಗೆ ಸುಮಾರು 315 ಸಾಕು. ಇಷ್ಟು ಉದ್ದದ ಗಾಡಿ ಒಳಗೆ ಹಿಡಿಸುತ್ತದೆಯೇ ಎಂದು ತಿಳಿಯಲು ಮನೆಯ ಗ್ಯಾರೇಜನ್ನೂ, ಶೆಲ್ಫು ಮತ್ತು ಹಿಮ ತೆಗೆಯುವ ಯಂತ್ರದ ಜಾಗ ಕಳೆದು, ಟೇಪು ಹಿಡಿದು ಅಳೆಯಿರಿ.

ಇಷ್ಟೆಲ್ಲ ಆದ ಮೇಲೆ ಯಾವುದು ಎಂದು ಕೇಳುವವರಿಗೆ ನನ್ನ ಅಭಿಪ್ರಾಯ ಹೀಗಿದೆ. ಮನೆಗೆ ಇದೊಂದೇ ವಾಹನವಾದರೆ ಮತ್ತು ಮಕ್ಕಳು ಚಿಕ್ಕವರಿದ್ದರೆ ಪಿಕಪ್ ಬೇಡ, ಏಳು ಸೀಟಿನ ವ್ಯಾನ್ ಕೊಳ್ಳಿ; ವರ್ಷಕ್ಕೆ ನಾಲ್ಕು ಸಲ ಹಲಗೆ, ಸೋಫಾ ತರುವುದಕ್ಕೆ ಹೋಮ್ ಡಿಪೋ ಎಂಬ ಮನೆ ಕಟ್ಟುವ ಸಾಮಾನಿನ ಅಂಗಡಿಯಲ್ಲಿ ಗಂಟೆಯ ಲೆಕ್ಕದಲ್ಲಿ ಪಿಕಪ್ ಬಾಡಿಗೆಗೆ ಸಿಗುತ್ತದೆ. ಎರಡನೆಯ ವಾಹನವಾದರೆ ಧೈರ್ಯವಾಗಿ ಕೊಳ್ಳಬಹುದು. ದಿನನಿತ್ಯ ಕುಟುಂಬವೇ ಕೂರುವುದಾದರೆ ಕಾರಿನಂತೆ ಒಂದೇ ಕವಚದಲ್ಲಿ ಕಟ್ಟಿದ, ಹಿಂದೆಯೂ ಎಡ ಬಲ ಚಕ್ರಗಳು ಬೇರೆ ಬೇರೆಯಾಗಿ ಏರಿಳಿಯುವ ಸ್ವತಂತ್ರ ಸಸ್ಪೆನ್ಷನ್ ಇರುವ ರಿಡ್ಜ್‌ಲೈನ್ ನನ್ನ ಆಯ್ಕೆ, ಈಗ ನನ್ನ ಮನೆಯಲ್ಲಿರುವುದೂ ಅದೇ. ಅದರ ಎಳೆಯುವ ಮಿತಿ 5,000 ಪೌಂಡ್, ದೊಡ್ಡ ದೋಣಿ ಎಳೆಯುವವರು ಬೇರೆಡೆ ನೋಡಬೇಕು. ಗ್ಲಾಡಿಯೇಟರ್ ಯುವಕರ ಕಣ್ಣು ಸೆಳೆಯುತ್ತದೆ, ಅದರ ಗಾಳಿಯ ಸದ್ದಿನಲ್ಲಿ ಹಿಂದೆ ಕುಳಿತವರ ಮಾತು ಕೇಳದು.

ಹೊಸಬರ ಬಳಿ ಸಾಲದ ಚರಿತ್ರೆ ಇರುವುದಿಲ್ಲವಾದ್ದರಿಂದ ಬಡ್ಡಿ ಮೊದಲ ವರ್ಷ ದುಬಾರಿಯಾಗಬಹುದು. ಮೊದಲು ನಿಮ್ಮ ಬ್ಯಾಂಕ್ ಅಥವಾ ಕ್ರೆಡಿಟ್ ಯೂನಿಯನ್ ಎಂಬ ಸಹಕಾರಿ ಸಂಘದಲ್ಲಿ ಬಡ್ಡಿ ದರ ಕೇಳಿ, ಆಮೇಲೆ ಡೀಲರನ ಬಳಿ ಹೋಗಿ, ತಿಂಗಳ ಕಂತಿನ ಮಾತೆತ್ತದೆ ತೆರಿಗೆ, ಶುಲ್ಕ ಎಲ್ಲ ಸೇರಿದ ಕೊನೆಯ ಬೆಲೆಯನ್ನು ಬರವಣಿಗೆಯಲ್ಲಿ ಪಡೆಯಬೇಕು. ಹಳೆಯ ಗಾಡಿಯಾದರೆ ಅದರ 17 ಅಕ್ಷರಗಳ ವಿಐಎನ್ ಎಂಬ ಗುರುತಿನ ಸಂಖ್ಯೆಯನ್ನು ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಹಾಕಿ, ಕಂಪನಿ ಮರಳಿ ಕರೆದ ದೋಷಗಳು ಸರಿಯಾಗದೆ ಉಳಿದಿವೆಯೇ ನೋಡಿ. ಹಿಮದ ರಾಜ್ಯಗಳಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ, ಆ ಉಪ್ಪು ಚಾಸಿಯನ್ನು ಒಳಗಿನಿಂದ ತಿನ್ನುತ್ತದೆ. 2005ರಿಂದ 2010ರ ಟಕೋಮಾಗಳ ಚಾಸಿ ತುಕ್ಕಿನ ದಾವೆಯಲ್ಲಿ ಟೊಯೊಟಾ 2016ರಲ್ಲಿ ದೊಡ್ಡ ಮೊತ್ತದ ರಾಜಿಗೆ ಒಪ್ಪಿತು. ಮೇಲೆ ಹೊಳೆಯುವ ಬಣ್ಣಕ್ಕೆ ಮರುಳಾಗದೆ, ನೂರೋ ಇನ್ನೂರೋ ಡಾಲರ್ ಕೊಟ್ಟು ಪರಿಚಯದ ಮೆಕ್ಯಾನಿಕ್ಕಿನಿಂದ ಗಾಡಿಯನ್ನು ಲಿಫ್ಟಿನ ಮೇಲೆತ್ತಿಸಿ, ನೀವೂ ಟಾರ್ಚು ಹಿಡಿದು ಕೆಳಗೆ ನಿಂತು, ಹಿಂದಿನ ಸ್ಪ್ರಿಂಗಿನ ಕೊಂಡಿಗಳ ಬಳಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿಸಿ ನೋಡಿ. ಗಟ್ಟಿ ಕಬ್ಬಿಣ ಠಣ್ಣೆನ್ನುತ್ತದೆ. ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡಿ ಹಕ್ಕಳೆ ಉದುರಿಸುತ್ತದೆ, ಅಂಥದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ಬಿಟ್ಟು ಬನ್ನಿ.